ಗುಬ್ಬಿ ಹೇಳಿದ ಮಾತು

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ನಿಂತವರು ಔಷಧಿಯನ್ನು ನೋಡುತ್ತಾರೆ, ಕೊಡುವವಳನ್ನಲ್ಲ. ಆಂಬುಲೆನ್ಸಿನ ಹೊಸ ಡ್ರೈವರ್ ಮಾತ್ರ ಬಂದ ದಿನವೇ ಅವಳನ್ನು ನೋಡಿದ. ಗಂಡಸರ ಕಳ್ಳನೋಟ ಅವಳಿಗೆ ಹೊಸದಲ್ಲ, ಅದನ್ನು ನೊಣ ಓಡಿಸಿದಷ್ಟೇ ಸಲೀಸಾಗಿ ಓಡಿಸುತ್ತಿದ್ದಳು. ಇದು ಅಂಥದ್ದಲ್ಲ. ಯಾವುದೋ ಜಗಳವನ್ನು ಅರ್ಧಕ್ಕೆ ಬಿಟ್ಟು ಹೋದವನು ಅದನ್ನು ಮುಗಿಸಲು ಬಂದು ನಿಂತಂತಿತ್ತು.

ಹತ್ತಿ, ಬ್ಯಾಂಡೇಜು, ಸ್ಪಿರಿಟ್ ಬೇಕೆಂದ. ಅವಳು ಎಲ್ಲವನ್ನೂ ಟ್ರೇಯಲ್ಲಿಟ್ಟು ಮುಂದಕ್ಕೆ ತಳ್ಳಿದಳು. ಅವನು ಕೈ ಹಾಕಲಿಲ್ಲ.

"ಇನ್ನೇನಾದರೂ ಬೇಕಿತ್ತಾ?"

"ಬೇಕಿತ್ತು. ಈ ಕಿಟಕೀಲಿ ಸಿಗಲ್ಲ ಅನ್ಸುತ್ತೆ."

ಟ್ರೇ ಎತ್ತಿಕೊಂಡು ಹೊರಟುಹೋದ. ಅವಳಿಗೆ ಮೈಯೆಲ್ಲ ಉರಿಯಿತು. ಕೆಮ್ಮಿನ ಔಷಧಿ ಕೇಳಿದ ಮುದುಕರಿಗೆ ಹೊಟ್ಟೆನೋವಿನ ಮಾತ್ರೆ ಕೊಡಹೋಗಿ ನಾಲಿಗೆ ಕಚ್ಚಿಕೊಂಡಳು.

ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅಲ್ಲಿ ಅವಳು ಎಲ್ಲರಿಗೂ ಮೇಡಂ. ಅದೇ ಕಿಟಕಿಯ ಹಿಂದೆ ಅವಳ ಅಪ್ಪ ಕಾಂಪೌಂಡರ್ ಆಗಿ ಕೂತು ನಿವೃತ್ತರಾಗಿದ್ದರು. ಅಮ್ಮ ಇರಲಿಲ್ಲ. ಮನೆಯಲ್ಲಿ ಅಪ್ಪ, ಅಪ್ಪನ ತಂಗಿಯಾದ ಅತ್ತೆ, ಮತ್ತು ಯಾರೂ ಬಾಯಿಬಿಟ್ಟು ಮಾತಾಡದ ಒಂದು ಹಳೆಯ ಸಾವು.

ಸಂಜೆ ಅತ್ತೆಯೇ ಸುದ್ದಿ ತಂದರು. ಹೊಸ ಡ್ರೈವರ್ ಹಳ್ಳದಾಚೆಯವನಂತೆ.

ಊರಿನ ನಡುವೆ ಹರಿಯುವ ಆ ಹಳ್ಳವನ್ನು ಮಕ್ಕಳೂ ಒಂದೇ ನೆಗೆತಕ್ಕೆ ದಾಟಬಹುದಿತ್ತು. ದೊಡ್ಡವರು ದಾಟುತ್ತಿರಲಿಲ್ಲ. ಆಚೆಯವರು ಈಚೆಗೆ ಬಂದು ಬಟ್ಟೆ ಒಗೆದು, ನೆಲ ಒರೆಸಿ, ಮಕ್ಕಳನ್ನು ಆಡಿಸಿ, ಕತ್ತಲಾಗುವ ಮುಂಚೆ ವಾಪಸಾಗಬೇಕು. ಇದು ಎಲ್ಲಿಯೂ ಬರೆದಿಟ್ಟ ಕಾನೂನಲ್ಲ. ಬರೆದಿದ್ದರೆ ಒಂದು ದಿನ ಹರಿದು ಹಾಕಬಹುದಿತ್ತೋ ಏನೋ.

ಈಗ ಅಲ್ಲಿಯವನೊಬ್ಬ ಸೈರನ್ ಹಾಕಿಕೊಂಡು ಈಚೆಯವರ ಮನೆ ಬಾಗಿಲಿಗೇ ಬರುತ್ತಿದ್ದ. ಕೆಲವರು ಎದೆ ಹಿಡಿದುಕೊಂಡೇ ಬಾಡಿಗೆ ಕಾರಿಗೆ ಕಾದರು, ಆಂಬುಲೆನ್ಸ್ ಹತ್ತಲಿಲ್ಲ.

ಅವನು ಮಾತ್ರ ದಿನಾ ಕಿಟಕಿಗೆ ಬರುತ್ತಿದ್ದ. ಒಂದು ದಿನ ಬ್ಯಾಂಡೇಜು ಕಡಿಮೆಯಾಯಿತೆಂದು, ಮರುದಿನ ಹೆಚ್ಚಾಯಿತೆಂದು.

"ಈ ಕಿಟಕಿ ಇಷ್ಟು ಸಣ್ಣದು ಯಾಕೆ? ಕೈ ಕಂಡ್ರೆ ಮುಖ ಕಾಣಲ್ಲ, ಮುಖ ಕಂಡ್ರೆ ಕೈ ಕಾಣಲ್ಲ."

"ಬ್ಯಾಂಡೇಜು ತಗೊಳ್ಳೋಕೆ ಎರಡೂ ಬೇಕಿಲ್ಲ."

ಅವನು ಬಗ್ಗಿ, ಕಿಟಕಿಯ ಚೌಕಟ್ಟಿನಲ್ಲಿ ಒಂದು ಕಣ್ಣು ಮಾತ್ರ ಕಾಣುವಂತೆ ನಿಂತ. ಆ ಕಣ್ಣು ನಗುತ್ತಿತ್ತು. ನಗು ತನಗೇ ಇಷ್ಟವಿಲ್ಲದೆ ಬಂದಂತೆ ಥಟ್ಟನೆ ಆರಿಹೋಯಿತು. ಆ ಆರಿದ ನಗುವನ್ನೇ ನೆನೆಯುತ್ತ ಗುಬ್ಬಿ ಅಂದು ಊಟ ಮಾಡುವುದನ್ನೂ ಮರೆತಳು.

ಅವನಿಗೆ ಊರಿನಲ್ಲಿ ಸಿಕ್ಕ ಮೊದಲ ಸ್ನೇಹಿತೆ ಬೇಕರಿಯವರ ಮಗಳು ಪುಟ್ಟಿ. ಎರಡನೇ ಕ್ಲಾಸಿನವಳು. ಸ್ಕೂಲು ಬಿಟ್ಟೊಡನೆ ಆಸ್ಪತ್ರೆಯ ಅಂಗಳಕ್ಕೆ ನುಗ್ಗಿ, ಆಂಬುಲೆನ್ಸಿನ ಮುಂದಿನ ಸೀಟು ಹತ್ತಿ, ಇಲ್ಲದ ರೋಗಿಗಳನ್ನು ಇಲ್ಲದ ಊರುಗಳಿಗೆ ಸಾಗಿಸುತ್ತಿದ್ದಳು. ಡ್ರೈವರ್ ಪಕ್ಕದಲ್ಲಿ ಕೂತು ನರಳಬೇಕಿತ್ತು. ಜೋರಾಗಿ ನರಳದಿದ್ದರೆ ಬೈಗುಳ. ಗುಬ್ಬಿ ಒಳಗಿನಿಂದ ನೋಡಿ ನಗುತ್ತಿದ್ದಳು. ರಸ್ತೆಯಾಚೆ ಬೇಕರಿಯ ಕಟ್ಟೆಯ ಮೇಲೆ ಕೂತವರು ನಗುತ್ತಿರಲಿಲ್ಲ. ಅವರೂ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಸಾಲು ಕರಗಿ ಕಿಟಕಿ ಖಾಲಿಯಾಗಿತ್ತು. ಅವನು ಏನನ್ನೂ ಕೇಳದೆ ನಿಂತಿದ್ದ. ಆಮೇಲೆ ಮೆಲ್ಲಗೆ ಅಂದ:

"ಗುಬ್ಬಿ, ನನ್ನ ಗುರುತು ಸಿಗ್ಲಿಲ್ವಾ?"

ಅವಳ ಕೈಯಲ್ಲಿದ್ದ ಸೀಸೆ ಕೌಂಟರಿಗೆ ಬಡಿದು ಉರುಳಿತು. ಆ ಹೆಸರನ್ನು ಅವಳಿಗೆ ಇಟ್ಟವಳು ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದ ಆಯಾ. ಇವನು ಆಯಾಳ ಮಗ.

ಹಿತ್ತಲಿನ ಕಲ್ಲುಬೆಂಚಿನ ಕೆಳಗೆ ಇಬ್ಬರೂ ಇರುವೆಗಳಿಗೆ ಮನೆ ಕಟ್ಟಿದ್ದರು. ಅವನಮ್ಮ ಇವಳ ತಲೆ ಬಾಚುತ್ತಿದ್ದಾಗ ಅವನು ಹಿಂದಿನಿಂದ ಅಣಕಿಸುತ್ತಿದ್ದ. ಆಗ ಇವಳಿಗೆ ಒಬ್ಬ ತಮ್ಮನಿದ್ದ, ಇನ್ನೂ ತೊದಲು ಮಾತಿನವನು. ಅವನಿಗೆ ಜ್ವರ ಬಂತು. ಅಪ್ಪ ತಾವೇ ಔಷಧಿ ಕೊಟ್ಟರು. ತಮಗೆ ಗೊತ್ತಿಲ್ಲದ ಜ್ವರವೇ ಎಂದರು. ಡಾಕ್ಟರನ್ನು ಕರೆಸಿ ಎಂದು ಆಯಾ ಮತ್ತೆ ಮತ್ತೆ ಕೇಳಿಕೊಂಡಳು, ಒದ್ದೆ ಬಟ್ಟೆ ಬದಲಿಸುತ್ತ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಬೆಳಗಾಗುವಷ್ಟರಲ್ಲಿ ತಮ್ಮ ಇರಲಿಲ್ಲ.

ಮಗು ಅಳದಿರಲೆಂದು ಆಯಾ ಏನೋ ಕುಡಿಸಿದಳು ಎಂಬ ಮಾತು ಎಲ್ಲಿ ಹುಟ್ಟಿತೋ ಯಾರೂ ಕೇಳಲಿಲ್ಲ. ಹಳ್ಳದಾಚೆಯವಳು ಎಂದ ಮೇಲೆ ಕೇಳುವುದೇನಿತ್ತು. ಅವಳನ್ನು ಕರೆದೊಯ್ದರು, ಶಿಕ್ಷೆಯೂ ಆಯಿತು. ಜೈಲಿನಿಂದ ಅವಳು ಹೊರಬಂದದ್ದು ಹೆಣವಾಗಿ. ಮಗನನ್ನು ಸೋದರಮಾವ ಬೇರೆ ಊರಿಗೆ ಕರೆದುಕೊಂಡು ಹೋದ.

"ನಿನ್ನ ಮೇಲೆ ಸಿಟ್ಟಿಟ್ಕೊಂಡೇ ಬೆಳೆದೆ," ಎಂದ ಡ್ರೈವರ್. "ಆ ರಾತ್ರಿ ನೀನು ಆ ಕೋಣೇಲೇ ಇದ್ದೆ. ಒಂದೇ ಒಂದು ಮಾತು ಹೇಳಬಹುದಿತ್ತು. ಯಾಕೆ ಹೇಳ್ಲಿಲ್ಲ ಅಂತ ಕೇಳೋಕೇ ಈ ಊರಿಗೆ ಕೆಲಸ ಹಾಕಿಸ್ಕೊಂಡು ಬಂದೆ."

ಗುಬ್ಬಿ ಕಿಟಕಿಯ ಹತ್ತಿರಕ್ಕೆ ಬಗ್ಗಿದಳು.

"ಕೇಳಿ ಮತ್ತೆ."

"ಕೇಳೋಣ ಅಂತಾನೇ ದಿನಾ ಬರ್ತೀನಿ. ನಿನ್ನ ನೋಡಿದ ಕೂಡ್ಲೇ ಬ್ಯಾಂಡೇಜು ಅಂತ ಬಾಯಿಗೆ ಬರುತ್ತೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿತು. ಅವನು ಕಿಟಕಿಯೊಳಗೆ ಕೈ ಚಾಚಿ, ಉರುಳಿದ್ದ ಸೀಸೆಯನ್ನು ಎತ್ತಿ ನಿಲ್ಲಿಸಿದ. ಅವಳ ಬೆರಳಿಗೆ ಅವನ ಬೆರಳು ತಾಗಿತು, ತಾಗಿಯೇ ಇತ್ತು.

ಅಲ್ಲಿಂದ ಮುಂದೆ ಕೆಲಸ ಮುಗಿದೊಡನೆ ಗುಬ್ಬಿಯ ಕಾಲು ಮನೆಯ ಕಡೆಗಲ್ಲ, ಆಂಬುಲೆನ್ಸ್ ಶೆಡ್ಡಿನ ಕಡೆಗೆ ಎಳೆಯುತ್ತಿತ್ತು. ಅವನು ಗಾಡಿ ಒರೆಸುತ್ತಿದ್ದ, ಅವಳು ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದಳು. ಅವಳು ಕಡೆಗಣ್ಣಿನಲ್ಲಿ ನೋಡಿದಾಗೆಲ್ಲ ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಗಾಜು ಸವೆದು ಹೋಗುತ್ತದೆ ಎಂದು ಅವಳು ಛೇಡಿಸಿದರೆ, ನೀನು ನೋಡುವುದನ್ನು ನಿಲ್ಲಿಸು, ಗಾಜು ಉಳಿಯುತ್ತದೆ ಎನ್ನುತ್ತಿದ್ದ. ಅವನ ಮುಂಗೈಯ ಮೇಲೆ ಒಣಗಿದ ಸೋಪಿನ ನೊರೆಯನ್ನು ಒಂದು ದಿನ ಅವಳು ಉಗುರಿನಿಂದ ಕೆರೆದು ತೆಗೆದಳು.

ಆದರೂ ಅವನು ಕೇಳಬಂದಿದ್ದ ಆ ಒಂದು ಸಂಗತಿಯನ್ನು ಅವಳು ಹೇಳಿರಲಿಲ್ಲ. ಆಯಾ ಸತ್ತ ಮೇಲೆ ಅದನ್ನು ಹೇಳಿಕೊಳ್ಳುವುದು ದೊಡ್ಡಸ್ತಿಕೆ ತೋರಿಸಿದಂತೆ ಎಂದು ಸುಮ್ಮನಾಗುತ್ತಿದ್ದಳು.

ಊರು ಮಾತ್ರ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಆಂಬುಲೆನ್ಸಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಇನ್ನೊಂದು ಬೆಳಿಗ್ಗೆ ಗಾಜಿನ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ 'ವಾಪಸ್ ಹೋಗು' ಎಂದು ಬರೆದಿದ್ದರು. ಗುಬ್ಬಿ ಬೇಕರಿಗೆ ಹೋದರೆ ಕಟ್ಟೆಯ ಮೇಲಿನ ಹರಟೆ ನಿಂತು, ಅವಳು ಹೊರಬಿದ್ದ ಮೇಲೆ ಶುರುವಾಗುತ್ತಿತ್ತು. ಪುಟ್ಟಿಯ ಅಮ್ಮ ಬನ್ನಿನ ಪೊಟ್ಟಣವನ್ನು ಅವಳ ಕೈಗೆ ಕೊಡದೆ ಕೌಂಟರಿನ ಮೇಲಿಟ್ಟು ಕೈ ಹಿಂದೆಗೆದುಕೊಂಡರು. ಅತ್ತೆ ಒಂದು ಸಂಜೆ ಬಾಗಿಲಲ್ಲೇ ತಡೆದು, ಅಪ್ಪನಿಗೆ ಎಲ್ಲ ಗೊತ್ತಾಗಿದೆ ಕಣೇ ಎಂದು ಪಿಸುಗುಟ್ಟಿದರು. ಅಪ್ಪ ಒಳಗೆ ಕೂತು ಕನ್ನಡಕ ಒರೆಸುತ್ತಿದ್ದರು. ಬೈಯಲಿಲ್ಲ, ಕೇಳಲೂ ಇಲ್ಲ. ಆ ಮೌನಕ್ಕೆ ಗುಬ್ಬಿ ಬೈಗುಳಕ್ಕಿಂತ ಹೆಚ್ಚು ಹೆದರಿದಳು.

ಆ ಸಂಜೆ ಗಾಳಿ ಎದ್ದಿತ್ತು. ಬೀದಿಯ ಧೂಳೆಲ್ಲ ಮೇಲಕ್ಕೇರಿ ಬೆಳಕು ಹಳದಿಗಟ್ಟಿತ್ತು. ಗುಬ್ಬಿಗೆ ಅರ್ಧ ದಿನದ ಡ್ಯೂಟಿ. ಮಧ್ಯಾಹ್ನದಿಂದಲೂ ಅವಳು ಶೆಡ್ಡಿನಲ್ಲೇ ಇದ್ದಳು. ಪುಟ್ಟಿ ಅಂದು ಯಾಕೋ ಬಂದಿರಲಿಲ್ಲ. ಇಂದು ರೋಗಿಗೆ ರಜೆ ಎಂದು ಡ್ರೈವರ್ ತಮಾಷೆ ಮಾಡುತ್ತಿದ್ದಾಗಲೇ ಹೊರಗೆ ಜನರ ಸದ್ದು ಕೇಳಿಸಿತು.

ಅವನು ಅವಳನ್ನು ಒಳಗೇ ಇರಲು ಹೇಳಿ ಹೊರಗೆ ಹೋದ.

ಬೇಕರಿಯವರು ಮುಂದೆ ಇದ್ದರು, ಅವರ ಹಿಂದೆ ಕಟ್ಟೆಯವರು, ಅವರ ಹಿಂದೆ ಇಡೀ ಬೀದಿ. ಪುಟ್ಟಿ ಸ್ಕೂಲಿನಿಂದ ಬಂದು, ಆಮೇಲೆ ಕಾಣೆಯಾಗಿದ್ದಳು. ಅವಳು ಎಲ್ಲಿಗೆ ಹೋಗುತ್ತಾಳೆಂಬುದು ಎಲ್ಲರಿಗೂ ಗೊತ್ತಿತ್ತಲ್ಲ. ಆಂಬುಲೆನ್ಸಿನ ಬಾಗಿಲು ತೆರೆದು ಹುಡುಕಿದರು. ಸ್ಟ್ರೆಚರನ್ನು ಎಳೆದು ಬಿಸಾಡಿದರು. ಮಗು ಇಲ್ಲದ್ದನ್ನು ಕಂಡು ಅವರ ಸಿಟ್ಟು ಇಳಿಯಲಿಲ್ಲ, ಏರಿತು. ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಒಬ್ಬ ಅವನ ಕೊರಳಪಟ್ಟಿ ಹಿಡಿದ. ಡ್ರೈವರ್ ಕೈ ಎತ್ತಲಿಲ್ಲ. ತಾನೂ ಹುಡುಕಲು ಬರುತ್ತೇನೆ, ಗಾಡಿ ತೆಗೆಯುತ್ತೇನೆ ಎಂದು ಹೇಳುತ್ತಲೇ ಇದ್ದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಕೆಲವರು ಆಗಲೇ ಬಗ್ಗಿ ಕಲ್ಲು ಆರಿಸುತ್ತಿದ್ದರು. ಗುಂಪಿನ ಅಂಚಿನಲ್ಲಿ ಗುಬ್ಬಿಯ ಅಪ್ಪ ನಿಂತಿದ್ದರು.

ಗುಬ್ಬಿ ಶೆಡ್ಡಿನಿಂದ ಹೊರಬಂದಳು.

"ಮಧ್ಯಾಹ್ನದಿಂದ ಇವರು ನನ್ನ ಜೊತೆ ಇದ್ರು. ಪುಟ್ಟಿ ಇವತ್ತು ಇಲ್ಲಿಗೆ ಬಂದೇ ಇಲ್ಲ."

ಯಾರೋ ನಕ್ಕರು. ಬಾಗಿಲು ಹಾಕಿಕೊಂಡು ಅಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಇನ್ನೊಬ್ಬ ಕೇಳಿದ. ಅವಳು ಕೇಳಿದವನ ಕಡೆಗೇ ತಿರುಗಿದಳು.

"ಬಾಗಿಲು ತೆರೆದೇ ಇತ್ತು. ಮಾತಾಡ್ತಿದ್ವಿ. ನಾನು ಇವರನ್ನ ಪ್ರೀತಿಸ್ತೀನಿ. ಇದನ್ನ ಇವರಿಗೇ ಇನ್ನೂ ಹೇಳಿರಲಿಲ್ಲ, ನಿಮಗೆ ಮೊದಲು ಹೇಳೋ ಹಾಗಾಯ್ತು."

ಆಗ ಅಪ್ಪ ಮುಂದೆ ಬಂದರು. ಕಿಟಕಿಯ ಹಿಂದಿನಿಂದ ಇಡೀ ಊರಿನ ನಂಬಿಕೆ ಗಳಿಸಿದ್ದ ಆ ತಣ್ಣನೆಯ ದನಿಯಲ್ಲೇ ಮಾತಾಡಿದರು.

"ಇವಳ ಮಾತು ನಂಬಬೇಡಿ. ಇವಳಿಗೆ ಚಿಕ್ಕವಳಿದ್ದಾಗಿನಿಂದ ಇದೇ ರೋಗ. ಮೊಣಕಾಲುದ್ದ ಇದ್ದಾಗಲೇ ವಿಚಾರಣೆಗೆ ಬಂದ ಅಧಿಕಾರಿ ಮುಂದೆ ಹೋಗಿ ನಿಂತ್ಲು, ಆಯಾ ಏನೂ ಮಾಡಿಲ್ಲ, ಡಾಕ್ಟರನ್ನ ಕರೆಸಿ ಅಂತ ಅವಳೇ ಬೇಡ್ಕೊಂಡ್ಲು ಅಂತ. ಮೂರು ಸಲ ಹೇಳಿದ್ಲು. ನಾನೇ ಎಳ್ಕೊಂಡು ಬಂದು ಅವಳ ಚಿಕ್ಕಮ್ಮನ ಊರಿಗೆ ಸಾಗಹಾಕಬೇಕಾಯ್ತು. ಅವತ್ತೂ ಯಾರೂ ನಂಬಲಿಲ್ಲ."

ಡ್ರೈವರ್ ತನ್ನ ಕೊರಳಪಟ್ಟಿ ಹಿಡಿದಿದ್ದ ಕೈಯನ್ನೇ ಮರೆತು ಗುಬ್ಬಿಯ ಕಡೆ ತಿರುಗಿದ. ಅವಳು ತಲೆ ತಗ್ಗಿಸಿದ್ದಳು, ತಪ್ಪು ಸಿಕ್ಕಿಬಿದ್ದ ಹುಡುಗಿಯಂತೆ. ಅವನ ಮುಖದಲ್ಲಿ ಇಷ್ಟು ವರ್ಷ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಯಿತು. ಅಷ್ಟು ಜನರ ನಡುವೆ, ಕಲ್ಲುಗಳ ನಡುವೆ, ಅವನು ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ.

ಮೊದಲ ಕಲ್ಲು ಆಂಬುಲೆನ್ಸಿನ ಗಾಜಿಗೆ ಬಿತ್ತು. ಎರಡನೆಯದು ಅವನ ಹಣೆಗೆ. ಗುಬ್ಬಿ ಓಡಿಬಂದು ಅವನ ಮುಂದೆ ಅಡ್ಡ ನಿಂತಳು.

ಮೂರನೆಯದು ಬೀಳುವ ಮುಂಚೆ ರಸ್ತೆಯಾಚೆಯಿಂದ ಪುಟ್ಟಿಯ ಅಮ್ಮ ಕೂಗುತ್ತ ಬಂದರು. ಕಂಕುಳಲ್ಲಿ ಪುಟ್ಟಿ, ತಲೆಯಿಂದ ಕಾಲಿನವರೆಗೆ ಹಿಟ್ಟು. ಬೇಕರಿಯ ಮೂಟೆಗಳ ಹಿಂದೆ ನಿದ್ದೆಹೋಗಿದ್ದಳು. ಆ ಗಾಡಿಯ ಹತ್ತಿರ ಇನ್ನೊಮ್ಮೆ ಹೋದರೆ ಕಾಲು ಮುರಿಯುತ್ತೇನೆ ಎಂದು ಮಧ್ಯಾಹ್ನ ಅಮ್ಮನೇ ಎರಡೇಟು ಕೊಟ್ಟಿದ್ದರು. ಹುಡುಗಿ ಮುನಿಸಿಕೊಂಡು ಬಚ್ಚಿಟ್ಟುಕೊಂಡಿದ್ದಳು.

ಗುಂಪು ಕರಗಿತು. ಕಲ್ಲನ್ನು ಯಾರೂ ಅಲ್ಲಿ ಕೆಳಗೆ ಹಾಕಲಿಲ್ಲ. ಕೈಯಲ್ಲಿಟ್ಟುಕೊಂಡೇ ಹೋದರು, ನಾಳೆಗೆ ಬೇಕಾದೀತು ಎಂಬಂತೆ. ಡ್ರೈವರ್ ಹಣೆಯ ರಕ್ತ ಒರೆಸಿಕೊಂಡು ಪುಟ್ಟಿಯತ್ತ ನಕ್ಕು ಕೈ ಬೀಸಿದ. ಪುಟ್ಟಿ ಅವನನ್ನು ನೋಡಿದಳು, ತನ್ನ ಅಪ್ಪನನ್ನು ನೋಡಿದಳು, ಆಮೇಲೆ ಅಮ್ಮನ ಭುಜದಲ್ಲಿ ಮುಖ ಮುಚ್ಚಿಕೊಂಡಳು. ಇಂದಿನವರೆಗೆ ಅವಳಿಗೆ ಹೆದರಲು ಗೊತ್ತಿರಲಿಲ್ಲ. ಬೀಸಿದ ಅವನ ಕೈ ಗಾಳಿಯಲ್ಲೇ ನಿಂತಿತು. ಹಣೆಗೆ ಕಲ್ಲು ಬಿದ್ದಾಗ ಬಾರದ ನೀರು ಅವನ ಕಣ್ಣಿಗೆ ಆಗ ಬಂತು.

ಗುಬ್ಬಿಯ ಅಪ್ಪ ಇನ್ನೂ ಹೋಗಿರಲಿಲ್ಲ. ಗುಬ್ಬಿ ಅವರ ಮುಂದೆ ಹೋಗಿ ನಿಂತಳು. "ಆಯಾ ಏನೂ ಮಾಡಿಲ್ಲ ಅಂತ ನಿಮಗೆ ಗೊತ್ತಿತ್ತಾ, ಅಪ್ಪ?"

ಅವರು ಒಡೆದ ಗಾಜಿನ ಕಡೆ ತಿರುಗಿದರು. "ಮಗು ಹೋಗಿಬಿಟ್ಟಿತ್ತು," ಎಂದರು. "ಯಾರಾದ್ರೂ ಒಬ್ಬರು ಮಾಡಿರಲೇಬೇಕಿತ್ತು." ಮನೆಗೆ ನಡಿ ಎಂದು ಅವರು ಹೇಳಲಿಲ್ಲ. ಬರುತ್ತೇನೆ ಎಂದು ಅವಳೂ ಹೇಳಲಿಲ್ಲ.

ಅವಳು ಅವನ ಗಾಯ ತೊಳೆದು ಬ್ಯಾಂಡೇಜು ಕಟ್ಟತೊಡಗಿದಳು. ಅವನು ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದ.

"ಯಾಕೆ ಹೇಳಲಿಲ್ಲ ನಂಗೆ?"

"ಹೇಳಿದ್ದಕ್ಕೆ ಆಯಾ ವಾಪಸ್ ಬರಲಿಲ್ವಲ್ಲ. ಉಪಯೋಗಕ್ಕೆ ಬರದ ಮಾತು."

"ನಂಗೆ ಉಪಯೋಗಕ್ಕೆ ಬರ್ತಿತ್ತು, ಗುಬ್ಬಿ. ಇಷ್ಟು ವರ್ಷ."

ಅವಳು ಅವನ ಎದೆಗೆ ಹಣೆಯಾನಿಸಿ ಅತ್ತಳು. ಎಂಟು ವರ್ಷದವಳಾಗಿದ್ದ ತನ್ನನ್ನು ಅಪ್ಪ ದರದರ ಎಳೆದು ತಂದ ದಿನ ಅಳಲಾಗದೆ ಉಳಿದದ್ದನ್ನೆಲ್ಲ ಅತ್ತಳು. ಬೇರೆ ಊರಿಗೆ ಹೋಗೋಣವೇ ಎಂದು ಅವನು ಕೇಳಿದ. ಹಳ್ಳ ಇಲ್ಲದ ಊರು ಎಲ್ಲಾದರೂ ಇದೆಯೇ ಎಂದು ಅವಳು ಕೇಳಿದಳು. ಸದ್ಯಕ್ಕೆ ಹಳ್ಳದಾಚೆ ತನ್ನದೊಂದು ಕೋಣೆಯಿದೆ, ಒಂದೇ ಮಂಚ, ಒಂದೇ ಲೋಟ ಎಂದ. ಲೋಟ ಇನ್ನೊಂದು ತಂದರಾಯಿತು ಎಂದಳು. ಅವನು ನಗಹೋಗಿ, ಹಣೆ ನೋವಾಗಿ ಹಲ್ಲು ಕಚ್ಚಿದ.

ಬೆಳಕು ಪೂರಾ ಹೋಗುವ ಮುಂಚೆ ಇಬ್ಬರೂ ಹೊರಟರು. ಹಿಂದಿನ ಓಣಿಯಿಂದಲ್ಲ, ಬೇಕರಿಯ ಬೀದಿಯಲ್ಲೇ, ಕೈ ಕೈ ಹಿಡಿದು. ಕಟ್ಟೆಯ ಮೇಲಿನವರು ಎದ್ದು ನಿಂತರು. ಬಾಗಿಲುಗಳ ಸಂದಿಯಲ್ಲಿ ಮುಖಗಳು ಮೂಡಿ ಮರೆಯಾದವು.

"ಊರಿಗೆಲ್ಲ ನೀನೇ ಹೇಳಿಬಿಟ್ಟೆ," ಎಂದ ಅವನು. "ನಾನು ಹೇಳೋದು ಬಾಕಿ ಇದೆ."

"ಈಗಲಾ?"

"ಈಗಲೇ. ಆಮೇಲೆ ಟೈಮ್ ಸಿಗುತ್ತೋ ಇಲ್ವೋ."

ನಡು ಬೀದಿಯಲ್ಲಿ ನಿಂತು, ಅವಳ ಕಿವಿಯ ಮೇಲಿನ ಕೂದಲು ಸರಿಸಿ, ಅವನು ಅದನ್ನು ಅವಳೊಬ್ಬಳಿಗೇ ಕೇಳುವಂತೆ ಹೇಳಿದ. ಹಿಂದೆ ಎಲ್ಲೋ ಒಂದು ಅಂಗಡಿಯ ಶಟರು ಧಡಾರನೆ ಬಿತ್ತು. ಹಲವು ಹೆಜ್ಜೆಗಳ ಸದ್ದು ಶುರುವಾಯಿತು. ಗುಬ್ಬಿ ಬೆಚ್ಚಿಬಿದ್ದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದು ಸಲ ಹೇಳಿ," ಎಂದಳು.