ಕೊನೆಯ ಕೈ

"ಯಾರು ನಿನ್ನನ್ನ ಈ ಗತಿಗೆ ತಂದಿದ್ದು?"

ಗ್ಯಾರೇಜಿನ ಕಡೆಯಿಂದ ಬಂದ ಪ್ರಶ್ನೆಗೆ ಅವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗಂಡಸಿನ ದನಿ. ಹಾಸಿಗೆ ಹಿಡಿದವರನ್ನು ವಿಚಾರಿಸುವಷ್ಟು ಮೆತ್ತಗಿನ ದನಿ. ಅವಳದೋ ಬಾಚದ ತಲೆ, ಅತ್ತು ಊದಿದ ಕಣ್ಣು, ಮೈಮೇಲೆ ತೀರಿಹೋದ ಅಣ್ಣನ ಹಳೇ ಅಂಗಿ. ತನ್ನನ್ನು ನೋಡಿಯೇ ಕೇಳಿದನೆಂದುಕೊಂಡಳು.

"ಯಾರೂ ತಂದಿಲ್ಲ. ನಾನಿರೋದೇ ಹೀಗೆ," ಎಂದಳು.

ಎತ್ತಿಟ್ಟ ಬಾನೆಟ್ಟಿನ ಕೆಳಗೆ ಢಣ್ ಎಂದು ಸದ್ದಾಯಿತು. ತಲೆ ಉಜ್ಜಿಕೊಳ್ಳುತ್ತ ತೆಳ್ಳಗಿನ ಮನುಷ್ಯನೊಬ್ಬ ಹೊರಗೆ ಬಂದ.

"ಅಯ್ಯೋ, ನಿಮ್ಮನ್ನಲ್ಲ! ಕಾರನ್ನ ಕೇಳಿದ್ದು."

"ಓ. ಏನಂತು ಕಾರು?"

"ಹೇಳೋದ್ರಲ್ಲಿತ್ತು. ಅಷ್ಟರಲ್ಲಿ ನೀವು ಬಾಯಿ ಹಾಕಿದ್ರಿ."

ಅಣ್ಣ ಹೋದಂದಿನಿಂದ ಬಿಗಿದುಕೊಂಡಿದ್ದ ಅವಳ ತುಟಿಯಂಚು ಸ್ವಲ್ಪ ಅಲುಗಿತು. ನಗು ಎನ್ನುವಷ್ಟು ದೊಡ್ಡದಲ್ಲ. ಅವನು ಮಾತ್ರ ಅದನ್ನು ನೋಡಿಬಿಟ್ಟ. ನೋಡಿದ್ದು ತಿಳಿಯಬಾರದೆಂದು ತಟ್ಟನೆ ಬಾನೆಟ್ಟಿನತ್ತ ತಿರುಗಿದ.

ಅವನು ಪೇಂಟರ್. ಅಣ್ಣನ ಜೊತೆ ಒಂದೇ ಶೆಡ್ಡಿನಲ್ಲಿ ವರ್ಷಗಟ್ಟಲೆ ಕಾರುಗಳಿಗೆ ಬಣ್ಣ ಹೊಡೆದವನು. ಅಣ್ಣನ ಬಾಯಲ್ಲಿ ದಿನಾ ಅವನ ಸುದ್ದಿ ಇರುತ್ತಿತ್ತು. ಅವನು ಮನೆಗೆ ಬಂದದ್ದು ಮಾತ್ರ ಈಗ. ಗ್ಯಾರೇಜಿನಲ್ಲಿದ್ದ ಕಾರು ಅಣ್ಣನದು, ಅಜ್ಜಂದಿರ ಕಾಲದ್ದು. ಉಬ್ಬಿದ ಮಡ್‌ಗಾರ್ಡುಗಳು, ಬೆರಗುಗಣ್ಣಿನ ದುಂಡು ದೀಪಗಳು. ಗುಜರಿಯಿಂದ ಎಳೆದು ತಂದು, ರಜಾ ದಿನಗಳಲ್ಲಿ ತುಕ್ಕು ಕೆರೆದು, ತಗಡು ಬೆಸೆದು, ಅಣ್ಣ ಅದನ್ನು ಅರ್ಧಕ್ಕೆ ತಂದಿದ್ದ. ಅಷ್ಟರಲ್ಲಿ ಅವನ ಎದೆ ಸೋತಿತು. ಬಣ್ಣ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್ ಮಂಜಿನಂತೆ ಮೂಗಿಗೆ ಹೋಗಿ ಹೋಗಿ ಅವನ ಶ್ವಾಸಕೋಶವನ್ನೇ ಗಟ್ಟಿ ಮಾಡಿತ್ತು.

ಪೇಂಟರನ್ನು ಕರೆಸಿದ್ದು ಅತ್ತಿಗೆ.

"ಅವ್ರು ಶುರು ಮಾಡಿದ್ದು ಮುಗೀಬೇಕು ತಮ್ಮಾ," ಎಂದಿದ್ದಳು ಅವನಿಗೆ. "ಅದು ಹಸಿರಾಗಿ ಈ ಗೇಟು ದಾಟೋದನ್ನ ಒಂದು ಸಲ ನೋಡಿಬಿಡ್ತೀನಿ. ಆಮೇಲೆ ನನಗೇನೂ ಬೇಡ."

"ಮುಗಿಸ್ತೀನಿ ಅಕ್ಕಾ. ಆಸ್ಪತ್ರೇಲಿ ಅವನ ಕೈ ಹಿಡ್ಕೊಂಡು ಮಾತು ಕೊಟ್ಟಿದ್ದೀನಿ."

ಹಾಗೆ ಅವನು ಸಂಜೆಗಳಲ್ಲಿ ಬರತೊಡಗಿದ. ಬಾಗಿಲುಗಳನ್ನು ಬಿಚ್ಚಿ ಗೋಡೆಗೊರಗಿಸಿದ. ಗಾಜಿನ ಸುತ್ತ ಟೇಪು ಅಂಟಿಸಿ ಹಳೇ ಪೇಪರು ಮುಚ್ಚಿದ. ಬಾಗಿಲಿನ ರಬ್ಬರ್ ಪಟ್ಟಿಯನ್ನು ಎಬ್ಬಿಸಿದಾಗ ಕೆಳಗೆ ಬಿಸಿಲು ಕಾಣದೆ ಉಳಿದ ಹಸಿರು ಸಿಕ್ಕಿತು: ಬೆರಳಗಲದ ಪಟ್ಟಿ, ಕೆರೆಯ ತಳದ ಹಸಿರು.

"ಬನ್ನಿ ಇಲ್ಲಿ. ನೋಡಿ, ಹುಟ್ಟಿದಾಗ ಹೀಗಿತ್ತು ಇದು."

ಅವಳು ಬಗ್ಗಿದಳು. ಇಬ್ಬರ ತಲೆಯೂ ಒಂದೇ ಬಾಗಿಲ ಸಂದಿಯಲ್ಲಿ.

"ಚೆನ್ನಾಗಿದೆ," ಎಂದಳು ಹಸಿರನ್ನು ನೋಡುತ್ತ.

"ಹೌದು," ಎಂದ ಅವನು. ಅವನು ನೋಡುತ್ತಿದ್ದದ್ದು ಹಸಿರನ್ನಲ್ಲ.

ಅವಳ ಕೆಲಸ ಆಸ್ಪತ್ರೆಯೊಂದರಲ್ಲಿ ಜನರ ಕಿವಿ ಪರೀಕ್ಷೆ ಮಾಡುವುದು. ದಿನವಿಡೀ ಗಾಜಿನಾಚೆ ಕೂತವರಿಗೆ ಸಣ್ಣ ಸಣ್ಣ ಸದ್ದು ಕೇಳಿಸಿ, ಎಲ್ಲಿಂದಾಚೆಗೆ ಅವರ ಲೋಕ ಮೌನವಾಗುತ್ತದೆಂದು ಗುರುತಿಸುವುದು. ಅಣ್ಣ ಅವಳನ್ನು ಕರೆಯುತ್ತಿದ್ದದ್ದೇ "ಕಿವಿ" ಎಂದು. ಚಿಕ್ಕಂದಿನಲ್ಲಿ ಅಜ್ಜಿ ದೀಪದ ಮುಂದೆ ಪದ್ಯ ಓದುವಾಗ ಕಣ್ಣು ಮುಚ್ಚಿ ಕೂತಿರುತ್ತಿದ್ದ ಹುಡುಗಿ, ಒಂದಕ್ಷರ ಜಾರಿದರೂ ತಲೆ ಎತ್ತುತ್ತಿದ್ದಳು. "ಇವಳ ಮುಂದೆ ದೇವರೂ ತಪ್ಪು ಓದೋ ಹಾಗಿಲ್ಲ," ಎಂದು ಅಜ್ಜಿ ಗೊಣಗುತ್ತಿದ್ದರು.

ಒಂದು ಸಂಜೆ ತಲೆ ಸ್ನಾನ ಮಾಡಿ ಅಡುಗೆಮನೆಯ ಕಿಟಕಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಎದುರಿನ ಗ್ಯಾರೇಜಿನಿಂದ ನೀರು ಹಾಕಿ ಉಜ್ಜುವ ಮರಳು ಕಾಗದದ ಸದ್ದು ಸರ್, ಸರ್ ಎಂದು ಬರುತ್ತಿತ್ತು. ಜಪದ ಹಾಗೆ ಒಂದೇ ಸಮ. ಇದ್ದಕ್ಕಿದ್ದಂತೆ ಅದು ಕಿರ್ ಎಂದಿತು.

"ನಿಲ್ಸಿ!" ಎನ್ನುತ್ತ ಒದ್ದೆ ಕೂದಲಲ್ಲೇ ಓಡಿದಳು. "ತಗಡು ಮುಟ್ಟಿದ್ರಿ!"

ಅವನು ಗಾಬರಿಯಿಂದ ಬಟ್ಟೆಯಲ್ಲಿ ಒರೆಸಿ ನೋಡಿದ. ಬಣ್ಣಕ್ಕೆ ತಳವಾಗಿ ಬಳಿದಿದ್ದ ಬೂದು ಪ್ರೈಮರಿನ ನಡುವೆ ಉಗುರಿನಷ್ಟು ಬರಿಯ ತಗಡು ಮಿನುಗುತ್ತಿತ್ತು.

"ಇಷ್ಟು ವರ್ಷ ಕೆಲಸ ಮಾಡಿದೋರು, ಉಜ್ಜಿ ಉಜ್ಜಿ ತಗಡು ಕಾಣಿಸೋದಾ?"

"ಗಮನ ಬೇರೆ ಕಡೆ ಇತ್ತು."

"ಎಲ್ಲಿತ್ತು?"

ಅವನ ಕಣ್ಣು ಅಡುಗೆಮನೆಯ ಕಿಟಕಿಗೆ ಹೋಗಿ, ಅಲ್ಲಿಂದ ಅವಳ ಕೂದಲಿನಿಂದ ತೊಟ್ಟಿಕ್ಕುವ ನೀರಿಗೆ ಬಂದು, ಅಲ್ಲಿಂದ ನೆಲಕ್ಕೆ ಬಿತ್ತು. ಕಿವಿಯ ತುದಿ ಕೆಂಪಾಗಿತ್ತು.

"ಮತ್ತೆ ಪ್ರೈಮರ್ ಹಾಕ್ಬೇಕು. ಕೆಲಸ ಇನ್ನಷ್ಟು ದಿನ ಎಳೆಯುತ್ತೆ," ಎಂದ.

ಆ ದನಿಯಲ್ಲಿ ಬೇಸರ ಒಂದು ಚೂರೂ ಇರಲಿಲ್ಲ. ಅವಳಿಗೆ ಅದೂ ಕೇಳಿಸಿತು.

ಮೊದಲ ಹಸಿರು ಬಿದ್ದ ದಿನ ಅವನು ನೆಲಕ್ಕೆಲ್ಲ ನೀರು ಚಿಮುಕಿಸಿ ಧೂಳನ್ನು ಮಲಗಿಸಿದ. ಅವಳನ್ನು ಅಂಗಳದಾಚೆಗೆ ಅಟ್ಟಿದ. ಮಾಸ್ಕ್ ಕಟ್ಟಿ, ಬಾಗಿಲೆಳೆದುಕೊಂಡು ಕಂಪ್ರೆಸರ್ ಹಾಕಿದ. ಸ್ಪ್ರೇ ಗನ್ ಉಸ್ಸೆನ್ನುತ್ತ ಹೋಗಿ ಬರುವುದನ್ನು ಅವಳು ಹೊರಗಿನಿಂದ ಕೇಳಿದಳು. ಕುಂಚಕ್ಕಿಲ್ಲದ ಲಯ ಅದಕ್ಕಿತ್ತು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು, ಮಾಸ್ಕ್ ಇಳಿಸಿ ಬಂದ.

"ಒಂದು ಕೈ ಆಯ್ತು."

"ಕೋಟ್ ಅನ್ನಲ್ವಾ?"

"ಅದು ಅಂಗಡಿಯವರ ಮಾತು. ಶೆಡ್ಡಲ್ಲಿ ನಮಗೆಲ್ಲ ಕೈಯೇ. ನಿಮ್ಮಣ್ಣನೇ ಕಲಿಸಿದ್ದು. ಮೂರು ಕೈ ಕೊಟ್ರೆ ಹೆಣ್ಣು ಮದುವೆಗೆ ರೆಡಿ ಅಂತಿದ್ದ."

"ಯಾವ ಹೆಣ್ಣು?"

"ಕಾರು ರೀ!" ಎಂದವನು ನಕ್ಕ. ನಗು ಅರ್ಧಕ್ಕೇ ಕೆಮ್ಮಾಯಿತು. ಧೂಳೆಂದು ಕೈಯಾಡಿಸಿದ.

ಎರಡನೆಯ ಕೈ ಬಿದ್ದು ಒಣಗಿದ ಮೇಲೆ ಒಂದು ಇಳಿಹೊತ್ತು ಇಬ್ಬರೂ ಕಾರಿನ ಹಿಂಭಾಗದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಅವಳು ದೀಪ ಹಿಡಿದಿದ್ದಳು. ಅವನು ಕಣ್ಣು ಕಿರಿದು ಮಾಡಿ ತಗಡಿನ ಮೇಲಿನ ಹೊಳಪನ್ನು ಅಳೆಯುತ್ತ ತನ್ನಷ್ಟಕ್ಕೆ ಹೇಳಿಕೊಂಡ: "ಇನ್ನೊಂದು ಕೈ ಕೊಡು."

ಅವನಿಗೆ ಏಳಲು ಆಸರೆ ಬೇಕೆಂದುಕೊಂಡು ಅವಳು ಕೈ ನೀಡಿದಳು.

ಅವನು ಆ ಕೈಯನ್ನು ನೋಡಿದ. ತಪ್ಪು ತಿಳಿದು ಅವಳು ಹಿಂದಕ್ಕೆಳೆದುಕೊಳ್ಳುವ ಮೊದಲೇ ಹಿಡಿದುಬಿಟ್ಟ.

"ನಾನು ಕಾರಿಗೆ ಹೇಳಿದ್ದು," ಎಂದ ಮೆಲ್ಲಗೆ.

"ಈ ಸಲವೂ ನಾನೇ ನಡುವೆ ಬಂದ್ನಾ?"

"ಬಂದದ್ದು ಒಳ್ಳೇದಾಯ್ತು."

ಅವಳ ಮಣಿಕಟ್ಟಿನ ಮೇಲೆ, ಬಣ್ಣದ ಡಬ್ಬಿ ಮುಟ್ಟಿದ್ದ ಅವನ ಹೆಬ್ಬೆರಳು ಹಸಿರಾಗಿ ಮೂಡಿತ್ತು. "ಥಿನ್ನರ್ ಹಚ್ಚಿದ್ರೆ ಹೋಗುತ್ತೆ," ಎಂದ. "ಇರ್ಲಿ," ಎಂದಳು.

ಅಷ್ಟು ಹತ್ತಿರ ಅಷ್ಟು ಹೊತ್ತು ಅವನು ಎಂದೂ ಕೂತಿರಲಿಲ್ಲ. ಆದ್ದರಿಂದಲೇ ಅದು ಈವರೆಗೆ ಕೇಳಿಸಿರಲಿಲ್ಲ. ಅವನು ಉಸಿರು ಬಿಡುವಾಗ ಕೊನೆಯಲ್ಲೊಂದು ಸಣ್ಣ ಸಿಳ್ಳೆ. ದೂರದಲ್ಲಿ ಯಾರೋ ಬಾಗಿಲ ಸಂದಿಯಿಂದ ಊದಿದಂತೆ.

ಅಣ್ಣನಿಗೂ ಮೊದಲು ಬಂದದ್ದು ಇದೇ ಸಿಳ್ಳೆ. ನೆಗಡಿ ಎಂದಿದ್ದ. ಆಮೇಲೆ ಮೆಟ್ಟಿಲು ಹತ್ತಲಾಗಲಿಲ್ಲ, ಆಮೇಲೆ ಮಾತು ತುಂಡಾಯಿತು, ಕಡೆಗೆ ದಿಂಬಿಗೊರಗಿ ಕೂತೇ ಅವನ ತುಟಿ ನೀಲಿಯಾಯಿತು.

ಅತ್ತಿಗೆಗೆ ಹೇಳಿದಳು. ಅತ್ತಿಗೆ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನಿನಗೆ ಎಲ್ಲದ್ರಲ್ಲೂ ಸಾವಿನ ಸದ್ದೇ ಕೇಳಿಸುತ್ತೆ."

"ಅತ್ತಿಗೆ, ನಿಜವಾಗ್ಲೂ ಕೇಳಿಸ್ತು."

"ನನಗೇನೂ ಕೇಳಿಸಿಲ್ಲ. ಇನ್ನೊಂದೇ ಕೈ ಅಲ್ವಾ ಬಾಕಿ? ಅಷ್ಟು ಆಗ್ಲಿ. ದಯವಿಟ್ಟು ಅದಕ್ಕೆ ಅಡ್ಡ ಬರ್ಬೇಡ."

ಆ ಮಾತು ಕಲ್ಲಾಗಿರಲಿಲ್ಲ, ಅದೇ ಕಷ್ಟ. ಅಂಗಲಾಚುವ ದನಿ. ಮಡಚುತ್ತಿದ್ದದ್ದು ಅಣ್ಣನ ಶರಟುಗಳು; ದಿನಾ ಬಿಚ್ಚಿ ದಿನಾ ಮಡಚುತ್ತಿದ್ದಳು.

ಭಾನುವಾರ ಬೆಳಿಗ್ಗೆ ಪೇಂಟರ್ ಕೊನೆಯ ಕೈಗೆಂದು ಬಂದ. ಕಾರಿನ ಮೈಯೆಲ್ಲ ಒರೆಸಿದ. ನೆಲಕ್ಕೆ ನೀರು ಹಾಕಿದ. ಬಣ್ಣ ಕದಡಿ ಸೋಸಿಟ್ಟು ಗನ್ ಹುಡುಕಿದ. ಮೊಳೆಯ ಮೇಲೆ ತೂಗಿಹಾಕಿದ್ದ ಗನ್ ಅಲ್ಲಿರಲಿಲ್ಲ.

ಅವಳು ಬಾಗಿಲಲ್ಲಿ ನಿಂತಿದ್ದಳು. ಕೈ ಎರಡೂ ಬೆನ್ನ ಹಿಂದೆ, ಕೈಯಲ್ಲಿ ಶಾಲಿನಲ್ಲಿ ಸುತ್ತಿದ ಗನ್.

"ಯಾವಾಗಿಂದ ಇದೆ ಆ ಸಿಳ್ಳೆ?"

ಅವನ ಮುಖದಲ್ಲಿ ತಯಾರಾಗಿದ್ದ ತಮಾಷೆ ಹಾಗೇ ಉಳಿದು, ಒಣಗಿಹೋಯಿತು.

"ಕೇಳಿಸ್ತಾ?"

"ನನ್ನ ಹೊಟ್ಟೆಪಾಡೇ ಅದು. ಯಾವಾಗಿಂದ?"

"ನಿಮ್ಮಣ್ಣ ಹಾಸಿಗೆ ಹಿಡಿಯೋಕೆ ಸ್ವಲ್ಪ ಮೊದ್ಲಿಂದ. ಒಂದೇ ಡಾಕ್ಟ್ರು ಇಬ್ಬರಿಗೂ."

"ಡಾಕ್ಟ್ರು ಏನಂದ್ರು?"

"ಮತ್ತೆ ಗನ್ ಮುಟ್ಬೇಡ ಅಂದ್ರು. ಒಂದೊಂದು ಸಲವೂ ಎದೆ ಒಂದಿಷ್ಟು ಮುಚ್ಚಿಕೊಳ್ಳುತ್ತೆ, ಮುಚ್ಚಿಕೊಂಡದ್ದು ತೆರೆಯಲ್ಲ. ಯಾವ ಸಲ ಪೂರ್ತಿ ಮುಚ್ಚುತ್ತೋ ಹೇಳೋಕಾಗಲ್ಲ ಅಂದ್ರು."

"ಗೊತ್ತಿದ್ದೂ ಬಂದ್ಯಾ?"

"ನೀವು" ಎಲ್ಲೋ ಉದುರಿಹೋಗಿತ್ತು. ಇಬ್ಬರೂ ಅದನ್ನು ಹೆಕ್ಕಲು ಬಗ್ಗಲಿಲ್ಲ.

"ಮೊದಲು ಬಂದದ್ದು ಅವನಿಗೆ ಕೊಟ್ಟ ಮಾತಿಗೆ," ಎಂದ. "ಆಮೇಲೆ ಬಂದದ್ದು... ತಗಡು ಕಾಣೋವರೆಗೂ ಉಜ್ಜಿದ್ನಲ್ಲ, ಆವತ್ತೇ ಹೇಳ್ಬೇಕಿತ್ತು ನಿಂಗೆ. ಆದ್ರೆ ಹೇಳಿ ಏನು ಮಾಡ್ಲಿ? ನಿನ್ನ ಮುಂದೆ ಇನ್ನೊಬ್ಬ ಕೂತು ಏದುಸಿರು ಬಿಡೋಕಾ?"

"ಅದನ್ನ ಕೇಳೋದೋ ಬಿಡೋದೋ ಅಂತ ಆರಿಸ್ಕೊಳ್ಳೋಳು ನಾನು." ಅವಳ ದನಿ ಒಡೆಯಿತು. "ನೀನು ಬರೋ ಹೊತ್ತಿಗೆ ಗೇಟಿನ ಚಿಲಕ ಅಲ್ಲಾಡೋದನ್ನ ಮೂರು ಕೋಣೆ ಆಚೆಯಿಂದ ಕೇಳಿಸ್ಕೊಳ್ತೀನಿ. ಇಷ್ಟು ದಿನ ಅದು ಕಿವಿಯ ಕೆಲಸ ಅಂದ್ಕೊಂಡಿದ್ದೆ. ಅಲ್ಲ ಅಂತ ಈಗ ಗೊತ್ತಾಗಿದೆ."

ಅವನು ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಈ ಸಲ ಧೂಳೆನ್ನಲು ಬಿಡುವು ಕೊಡಲಿಲ್ಲ ಅದು. ಮಂಡಿಗೆ ಕೈಯೂರಿ ಬಗ್ಗಿದ. ಎಳೆದ ಗಾಳಿ ಒಳಗೆ ಹೋಗದೆ ಗಂಟಲಲ್ಲೇ ಕೀಚಿತು. ಅವಳು ಗನ್ನನ್ನು ಶಾಲಿನ ಸಮೇತ ಕಂಕುಳಲ್ಲಿ ಅವುಚಿ, ಇನ್ನೊಂದು ಕೈಯಿಂದ ಅವನ ಬೆನ್ನು ನೀವಿದಳು. ಅಂಗಿಯ ಕೆಳಗೆ ಪಕ್ಕೆಲುಬು ಒಂದೊಂದೂ ಹೆಣಗುತ್ತಿತ್ತು.

ಅವನು ತಲೆ ಎತ್ತುವಾಗ ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಇದ್ದಳು. ಕೈಯಲ್ಲಿ ಅರ್ಧ ಮಡಚಿದ ಶರಟು.

"ಕೇಳಿಸ್ತು," ಎಂದಳು ಅತ್ತಿಗೆ. ಕಾರನ್ನೊಮ್ಮೆ ನೋಡಿದಳು. ಒಳಗೆ ಹೋದಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡಳು.

ಗ್ಯಾರೇಜಿನಲ್ಲಿ ಹಸಿ ನೆಲ ಮೆಲ್ಲಗೆ ಒಣಗುತ್ತಿತ್ತು. ಕಾರು ಎರಡು ಕೈ ಹಸಿರಲ್ಲಿ, ಹೊಳಪಿಲ್ಲದೆ, ಎಳೆ ಬಿಸಿಲಿಗೆ ಮುಖ ಕೊಟ್ಟು ನಿಂತಿತ್ತು.

"ಬೇರೆ ಯಾರಾದ್ರೂ ಹೊಡೀಲಿ," ಎಂದಳು ಅವಳು. "ಇಲ್ಲಾಂದ್ರೆ ಹೀಗೇ ಇರ್ಲಿ. ಕಾರು ಪೂರ್ತಿ ಹಸಿರಾಗ್ದಿದ್ರೆ ಅಣ್ಣ ಏನೂ ಅನ್ನಲ್ಲ. ನಿನ್ನ ತುಟಿ ನೀಲಿಯಾದ್ರೆ ನಾನು ಯಾರನ್ನ ಕೇಳ್ಲಿ?"

"ಗನ್ ಬಿಟ್ರೆ ನನಗೆ ಬೇರೇನೂ ಬರಲ್ಲ."

"ಕಲಿ."

"ಇವತ್ತು ಬಿಟ್ಟಮಾತ್ರಕ್ಕೆ ನನ್ನ ಎದೆ ಸರಿಹೋಗಲ್ಲ. ಅದೂ ಗೊತ್ತಿರ್ಲಿ ನಿಂಗೆ. ಈ ಸಿಳ್ಳೆ ಇದ್ದೇ ಇರುತ್ತೆ."

"ಇರ್ಲಿ. ದಿನಾ ಕೇಳ್ತೀನಿ. ನಿಂತುಹೋದದ್ದನ್ನ ಕೇಳೋಕಾಗಲ್ಲ ನಂಗೆ. ಅಣ್ಣ ಕೈ ಕೊಟ್ಟ. ನೀನೂ ಕೈ ಕೊಡ್ಬೇಡ."

ಅವನು ಎಷ್ಟೋ ಸಲ ಸವರಿದ ಮಡ್‌ಗಾರ್ಡಿನ ಉಬ್ಬಿನ ಮೇಲೆ ಅಂಗೈ ಇಟ್ಟ. ಆಮೇಲೆ ಅವಳತ್ತ ತಿರುಗಿ, ಹಸಿರು ಕಲೆಯ ಆ ಕೈಯನ್ನೇ ಚಾಚಿದ. ಕಣ್ಣಲ್ಲಿ ನೀರಿತ್ತು, ಕೆಮ್ಮಿನದೋ ಏನೋ.

"ಒಂದೇ ಒಂದು ಕೈ, ಕಿವಿ," ಎಂದ. ಅಣ್ಣ ಹೋದ ಮೇಲೆ ಯಾರೂ ಕರೆಯದ ಹೆಸರು. "ಅವನ ಹೆಸರಲ್ಲಿ. ಆಮೇಲೆ ನೀನು ಹೇಳಿದ ಹಾಗೆ ಇರ್ತೀನಿ. ಗನ್ ಕೊಡು."

ಅವಳು ಚಾಚಿದ ಕೈಯನ್ನು ನೋಡಿದಳು. ಶಾಲಿನೊಳಗಿನ ತಣ್ಣನೆ ಕಬ್ಬಿಣವನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ, ಅವನ ಉಸಿರನ್ನು ಅದರ ತುದಿಯ ಆ ಸಣ್ಣ ಸಿಳ್ಳೆಯವರೆಗೂ ಕೇಳಿಸಿಕೊಂಡಳು.

"ಕೊಡಲ್ಲ," ಎಂದಳು.