ಕೇಳದೆ ಕೊಡುವ ಪಾಳಿ

"ಈ ಪ್ರೋಗ್ರಾಮ್ ಬರದಾಂವ ಯಾಂವ ಇದ್ದಾನೋ ಏನೋ, ಅವಗ ನನ್ನ ಕಡಿಂದ ಒಂದ ನಮಸ್ಕಾರ ಹೇಳ್ರಿ," ಎಂದಳು ದೀಪಾಲಿ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ. "ಎಲ್ಲಾ ಒಂದಕ್ಕೊಂದು ಗಂಟ ಹಾಕಿ ಇಟ್ಟಾನ. ಒಂದ ಎಳಿ ಜಗ್ಗಿದ್ರ ಇಡೀ ಕೌದಿನ ಬಿಚ್ಚತೈತಿ."

ಮೇಜಿನ ಮೇಲೆ ಚಹಾ ಇಟ್ಟ ಕೈ ಅಲ್ಲೇ ನಿಂತಿತು.

"ನಮಸ್ಕಾರ ಮುಟ್ಟೇತ್ರಿ. ಬರದಾಂವ ನಾನ."

ದೀಪಾಲಿ ಆಗ ತಲೆ ಎತ್ತಿದಳು. ಸಂಘದ ಕಾರಕೂನ ಇರಬೇಕು ಎಂದುಕೊಂಡಿದ್ದ ಮನುಷ್ಯ ಅವಳನ್ನೇ ನೋಡುತ್ತಿದ್ದ. ಮಡಚಿದ ಪ್ಯಾಂಟಿನ ಅಂಚಿಗೆ ಹಸಿ ಮಣ್ಣು, ಬಿಸಿಲಿಗೆ ಕಂದಿದ ಕುತ್ತಿಗೆ. ತುಟಿಯ ಒಂದು ಮೂಲೆ ನಗುತ್ತಿತ್ತು, ಇನ್ನೊಂದು ಮೂಲೆ ನಕ್ಕರೆ ಸೋತಂತೆ ಎಂದು ಬಿಗಿದುಕೊಂಡಿತ್ತು. ಅವಳ ಕಿವಿ ಬಿಸಿಯಾಯಿತು. ಹಾಳಾದ ಕಿವಿ, ಯಾವಾಗಲೂ ಬಾಯಿಯ ನಂತರವೇ ಎಚ್ಚರವಾಗುತ್ತದೆ.

"ಚಾ ಆರೂದ್ರೊಳಗ ಕುಡೀರಿ," ಎಂದು ಹೇಳಿ ಅವನು ಹೊರಟುಹೋದ.

ಅವನು ಈಶ್ವರ. ನಿಪ್ಪಾಣಿಯಲ್ಲಿ ಇಂಜಿನಿಯರಿಂಗ್ ಓದಿ, ಯಾರ ಬಲವಂತವೂ ಇಲ್ಲದೆ ಅಥಣಿ ಕಡೆಯ ತನ್ನ ದ್ರಾಕ್ಷಿ ತೋಟಕ್ಕೆ ಮರಳಿದವನು. ಊರಿನ ಏತ ನೀರಾವರಿ ಸಂಘಕ್ಕೆ ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಪಂಪು ಕೃಷ್ಣೆಯ ನೀರನ್ನು ಎತ್ತುತ್ತದೆ, ಒಂದೇ ಪೈಪು ಎಲ್ಲ ಹೊಲಗಳಿಗೂ ಹೋಗುತ್ತದೆ, ಇವತ್ತು ಯಾರ ಪಾಳಿ ಎಂದು ಮೊಬೈಲಿಗೆ ಮೆಸೇಜ್ ಬರುತ್ತದೆ. ಅದನ್ನು ನೋಡಿ ಸಂಘದ ನೀರುಗಂಟಿ ಮುರಗೆಪ್ಪ ಆಯಾ ಹೊಲದ ವಾಲ್ವ್ ತಿರುಗಿಸುತ್ತಾನೆ. ಚೆಂದ ನಡೆದಿತ್ತು. ಆಮೇಲೆ ಅಣ್ಣಾಸಾಬ ಮತ್ತು ಅವನ ತಮ್ಮ ಹೊಲ ಹಂಚಿಕೊಂಡು ಬೇರೆಯಾದರು. ಒಂದು ಹೆಸರಿದ್ದಲ್ಲಿ ಈಶ್ವರ ಎರಡು ಹೆಸರು ಹಾಕಿದ. ಅಷ್ಟಕ್ಕೇ ಅವುಗಳ ಕೆಳಗಿನ ಪಾಳಿಗಳೆಲ್ಲ ಒಂದೊಂದು ಹೊಲ ಸರಿದು, ಕಬ್ಬಿಗೆ ಹೋಗಬೇಕಾದ ನೀರು ಕೊಯ್ಲಿಗೆ ಬಂದ ದ್ರಾಕ್ಷಿಗೆ ನುಗ್ಗಿ ಹಣ್ಣುಗಳೆಲ್ಲ ಒಡೆದವು. ಆ ದ್ರಾಕ್ಷಿ ಯಾರದು ಎಂದರೆ, ಸಂಘದ ಅಧ್ಯಕ್ಷ ವಿರುಪಾಕ್ಷಪ್ಪನದೇ.

ದೀಪಾಲಿ ಏಕಸಂಬಿಯವಳು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರಿಗೆ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಆಫೀಸು ತೆರೆದು ಬೋರ್ಡು ತೂಗುಹಾಕಿದ್ದಳು. ಈ ಪ್ರೋಗ್ರಾಮ್ ಸರಿಮಾಡಿಕೊಡಲು ಸಂಘದವರು ಕರೆದದ್ದು ಅವಳ ಸ್ವಂತ ಹೆಸರಿನಲ್ಲಿ ಬಂದ ಮೊದಲ ಕೆಲಸ. ಇದು ಕೆಟ್ಟರೆ ಆ ಬೋರ್ಡು ನೋಡಿ ಯಾರೂ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ವಿರುಪಾಕ್ಷಪ್ಪ ಸಿಟ್ಟಿನ ಮನುಷ್ಯನಲ್ಲ. ಹಾಗಾಗಿಯೇ ಅವನ ಮಾತಿಗೆ ಭಾರ ಜಾಸ್ತಿ. "ನೋಡವಾ ಮಗಳ, ಒಂದ ಸುತ್ತ ನೀರ ಪೂರಾ ಇದರಲೇ ನಡೀಲಿ. ಯಾರೂ ನಡುವ ಬಾಯಿ ಹಾಕಂಗಿಲ್ಲ, ಮುರಗೆಪ್ಪ ಮೆಸೇಜ್ ನೋಡೇ ವಾಲ್ವ್ ತಿರಗಸಬೇಕು. ತಪ್ಪಿತಂದ್ರ ಮತ್ತ ಮೊದಲಿನಂಗ ಪಾಳಿ ಬರಿಯೂ ಕರಿಹಲಗಿ ಹೊರಗ ತಗಿತೇವಿ. ನಮಗ ಅದರಾಗ ಏನೂ ಕಮ್ಮಿ ಇಲ್ಲ."

"ತಪ್ಪಂಗಿಲ್ರಿ ಕಾಕಾ," ಎಂದಳು ದೀಪಾಲಿ. ಅವಳಿಗೆ ಪೂರ್ತಿ ನಂಬಿಕೆ ಇತ್ತೆಂದಲ್ಲ. ಹೇಳಿಬಿಟ್ಟರೆ ಮಾಡಲೇಬೇಕಾಗುತ್ತದಲ್ಲ, ಅದಕ್ಕೆ ಹೇಳಿದಳು.

ಮರುದಿನ ಜಗಳಕ್ಕೆ ತಯಾರಾಗಿಯೇ ಬಂದಳು.

"ಹೊಲ ಎಲ್ಲಿಗರ ಎದ್ದ ಹೋಗತೈತೇನ್ರಿ?" ಎಂದು ಈಶ್ವರನನ್ನು ಕೇಳಿದಳು.

"ಇಲ್ಲ."

"ಮಂದಿ?"

"ಮಂದಿ ಬ್ಯಾರೆ ಆಗತಾರ, ಊರ ಬಿಡತಾರ, ನಂಬರ್ ಬದಲ ಮಾಡತಾರ."

"ಮತ್ತ ಬದಲಾಗೂದನ್ನ ಬದಲಾಗದ್ದಕ್ಕ ಯಾಕ ಕಟ್ಟಿದ್ರಿ?"

ಒಂದು ಗಳಿಗೆ ಅವನ ದವಡೆ ಬಿಗಿಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. "ಹ್ಯಾಂಗ ಬಿಚ್ಚೂದು ಹೇಳ್ರಿ."

ಕೂಡಿಟ್ಟುಕೊಂಡು ತಂದ ಜಗಳವೆಲ್ಲ ವ್ಯರ್ಥವಾಯಿತು. ಸೋಲೊಪ್ಪಿಕೊಂಡ ಗಂಡಸು ಇಷ್ಟು ಚೆಂದ ಕಾಣಬಾರದು ಎಂದು ಅವಳಿಗೆ ಅನಿಸಿತು.

ಇಬ್ಬರೂ ಸೇರಿ ಪ್ರೋಗ್ರಾಮನ್ನು ಭಾಗ ಭಾಗವಾಗಿ ಬಿಚ್ಚಿದರು. ಒಂದು ಭಾಗಕ್ಕೆ ಹೊಲ ಮಾತ್ರ ಗೊತ್ತು. ಇನ್ನೊಂದಕ್ಕೆ ಮಂದಿ ಮಾತ್ರ. ಮತ್ತೊಂದು ಪಾಳಿ ಲೆಕ್ಕಹಾಕುತ್ತದೆ, ಕೊನೆಯದು ಮೆಸೇಜ್ ಕಳಿಸುತ್ತದೆ, ಅಷ್ಟೇ.

"ಒಂದರ ಒಳಗ ಏನೈತಿ ಅಂತ ಇನ್ನೊಂದಕ್ಕ ಗೊತ್ತಿರಬಾರದು. ಕೇಳಿದ್ದಕ್ಕ ಉತ್ತರ ಕೊಟ್ರ ಸಾಕು," ಎಂದಳು ದೀಪಾಲಿ.

"ಕೇಳದ ಇದ್ರ?"

"ಕೇಳದ ಇದ್ರ ಉತ್ತರ ಇಲ್ಲ."

ಈಶ್ವರ ಅವಳ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಅವಳು ತಪ್ಪಾಗಿ ಎರಡು ಸಲ ಎಂಟರ್ ಒತ್ತಿದಳು.

ಮಧ್ಯಾಹ್ನದ ಊಟ ಅವನ ಮನೆಯಲ್ಲೇ ಆಗುತ್ತಿತ್ತು. ಅವನ ಅವ್ವ ಲಕ್ಕವ್ವ ಬಿಸಿ ರೊಟ್ಟಿ ಬಡಿಯುತ್ತ ಮಗನನ್ನು ದೂರುತ್ತಿದ್ದಳು. "ನಮ್ಮ ಈಶ್ವರ ಕೇಳೂ ಪೈಕಿ ಅಲ್ಲವಾ. ಸಣ್ಣಾಂವ ಇದ್ದಾಗಿಂದ ಇನ್ನೊಂದ ರೊಟ್ಟಿ ಹಾಕಂತ ಬಾಯಿ ಬಿಟ್ಟಾಂವಲ್ಲ. ತಾಟ ನೋಡಿ ನಾನ ಹಾಕಬೇಕು."

"ಅವ್ವಾ, ಸಾಕ ಮಾಡ," ಎಂದ ಈಶ್ವರ.

ದೀಪಾಲಿ ಅವನ ತಾಟು ನೋಡಿದಳು. ಬರಿದಾಗಿತ್ತು. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಏನೂ ಹೇಳದೆ, ಅವನ ತಾಟಿಗೆ ಹಾಕಿದಳು. ಲಕ್ಕವ್ವ ಹಂಚಿನ ಕಡೆ ಮುಖ ತಿರುಗಿಸಿ ನಕ್ಕದ್ದು ಇಬ್ಬರಿಗೂ ಕಾಣಿಸಿತು, ಇಬ್ಬರೂ ಕಾಣದವರಂತೆ ಉಂಡರು.

ನೀರಿನ ಸುತ್ತು ಶುರುವಾಯಿತು. ಒಂದೊಂದೇ ಹೊಲ ತಪ್ಪದೆ ತೊಯ್ದಿತು. ಸುತ್ತು ಅರ್ಧ ದಾಟಿದ ದಿನ ಬೆಳಿಗ್ಗೆ ದೀಪಾಲಿ ಚಿಕ್ಕೋಡಿಯ ಆಫೀಸಿನಲ್ಲಿದ್ದಾಗ ಈಶ್ವರನ ಫೋನು ಬಂತು.

"ನಮ್ಮ ಮಗ್ಗಲ ಹೊಲದ ಗೌರಾಬಾಯಿಯವರ ಅತ್ತಿ ಜನಾಬಾಯಿ ತೀರಕೊಂಡಾರ್ರಿ. ಇವತ್ತ ಅವರದ ಪಾಳಿ. ನಿಮ್ಮ ಪ್ರೋಗ್ರಾಮ್ ಅವರನ್ನ ಬಿಟ್ಟು ನನಗ ಮೆಸೇಜ್ ಕಳಿಸೇತಿ."

"ಮನ್ಯಾಗ ಅಡಚಣಿ ಇದ್ರ ಪಾಳಿ ಹಿಡದ ಇಡ್ರಿ ಅಂತ ಕೇಳಾಕ ಒಂದ ಬಟನ್ ಇಟ್ಟೇನಲ್ರಿ. ಅವರು ಒತ್ತಿಲ್ಲೇನು? ಪಾಳಿ ಬಂದೈತಿ ಅನ್ನೂ ಮೆಸೇಜಿಗೂ ಉತ್ತರ ಬರಲಿಲ್ಲಂದ್ರ ಅದು ಮುಂದಿನವರಿಗೆ ಹೋಗತೈತಿ."

"ಸಾವಿನ ಮನ್ಯಾವ್ರು ನೀರ ಕೇಳಂಗಿಲ್ರಿ," ಎಂದ ಮೆಲ್ಲಗೆ. "ನಮ್ಮ ಊರಾಗ ಅದನ್ನ ಕೇಳಬಾರದು, ಮಗ್ಗಲ ಹೊಲದಾವ್ರು ತಾವಾಗೇ ಕೊಡಬೇಕು. ಅವರದು ಈಗಷ್ಟ ನಾಟಿ ಮಾಡಿದ ಕಬ್ಬು, ಒಣಗತೈತಿ. ನಾ ನನ್ನ ಪಾಳಿ ಕೊಡಬೇಕಂತೇನಿ. ಕೊಡೂದಕ್ಕ ಬಟನ್ ಎಲ್ಲೈತಿ?"

ಇರಲಿಲ್ಲ. ಅವಳ ಮನೆಯವರಿಗೆ ಸ್ವಂತ ಬಾವಿ, ಪಾಳಿಯ ನೀರು ಕಂಡವರಲ್ಲ. ಬೇಕಾದವರು ಕೇಳುತ್ತಾರೆ ಎಂದುಕೊಂಡೇ ಎಲ್ಲವನ್ನೂ ಕಟ್ಟಿದ್ದಳು. ಅವನ ತಪ್ಪಿಗೆ ಹೇಳಿಕಳಿಸಿದ್ದ ನಮಸ್ಕಾರ ಈಗ ಅವಳಿಗೇ ಮರಳಿ ಬಂತು.

"ಪಂಪಿಗೆ ಕರೆಂಟ್ ಯಾವಾಗ ಬರತೈತಿ?"

"ಮಧ್ಯಾಹ್ನ. ವಿರುಪಾಕ್ಷಪ್ಪ ಕಾಕಾ ಆಗಲೇ ವಾಲ್ವ್ ಕಡೆ ಹೋಗ್ಯಾರ. ನಾ ಬಾಯಿಲೆ ಹೇಳಿದ್ರ ಮುರಗೆಪ್ಪ ತಿರಗಸತಾನ, ಆದ್ರ ನೀವು ಸೋತಂಗ."

"ಬಾಯಿಲೆ ಹೇಳಬ್ಯಾಡ್ರಿ. ನಾ ಬಂದೆ."

"ದೀಪಾಲಿ ಅವ್ರ, ನಡುವ ಕೈ ಹಾಕಬ್ಯಾಡ್ರಿ. ನಾ ಹಿಂಗ ಒಂದ ಹೆಸರ ಬದಲ ಮಾಡಾಕ ಹೋಗೇ ಎಲ್ಲಾ ಕೆಟ್ಟಿತ್ತು."

"ಅದಕ್ಕ ಅಲ್ಲೇನ್ರಿ ಎಲ್ಲಾ ಬ್ಯಾರೆಬ್ಯಾರೆ ಮಾಡಿದ್ದು?" ಎಂದು ಅವಳು ಬಸ್ಸಿಗೆ ಓಡಿದಳು.

ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪಾಳಿಯ ಭಾಗವೊಂದನ್ನೇ ತೆರೆದಳು. ಕೇಳದೆಯೂ ಕೊಡಬಹುದು ಎಂದು ಅದಕ್ಕೆ ಕಲಿಸಿದಳು. ಹೊಲದ ಭಾಗ, ಮಂದಿಯ ಭಾಗ, ಮೆಸೇಜಿನ ಭಾಗ, ಯಾವುದನ್ನೂ ಮುಟ್ಟಲಿಲ್ಲ. ಮುಟ್ಟಬೇಕಾಗಿ ಬಂದರೆ ತಾನು ಕಟ್ಟಿದ್ದೇ ಸುಳ್ಳು ಎಂದು ಹಲ್ಲು ಕಚ್ಚಿ ಕೂತಳು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅಕ್ಷರಗಳು ತಪ್ಪಿ ಬೀಳುತ್ತಿದ್ದವು, ಅಳಿಸಿ ಮತ್ತೆ ಬರೆಯುತ್ತಿದ್ದಳು. ಊರಿನ ಅಗಸಿ ಬಾಗಿಲು ಕಾಣುವ ಹೊತ್ತಿಗೆ ಎಲ್ಲವನ್ನೂ ಪರೀಕ್ಷಿಸಿ ಹೊಸದನ್ನು ಚಾಲೂ ಮಾಡಿದಳು.

ಅವಳು ಹೊಲದ ಬದುವಿನ ಮೇಲೆ ಓಡುತ್ತ ಬಂದಾಗ ವಿರುಪಾಕ್ಷಪ್ಪ ವಾಲ್ವಿನ ಕಟ್ಟೆಯ ಮೇಲೆ ಕೂತಿದ್ದ. ಪಂಪು ಗುಡುಗುತ್ತಿತ್ತು. ಈಶ್ವರ ತನ್ನ ಮೊಬೈಲಿನಲ್ಲಿ ಹೊಸದಾಗಿ ಬಂದಿದ್ದ ಬಟನ್ ಒತ್ತಿದ. ಮುರಗೆಪ್ಪ ತನ್ನ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಜೋರಾಗಿ ಓದಿದ. "ಗೌರಾಬಾಯಿ ಅವರ ಹೊಲ. ಪಾಳಿ ಕೊಟ್ಟವರು, ಈಶ್ವರ."

ವಾಲ್ವ್ ತಿರುಗಿತು. ಎಳೆ ಕಬ್ಬಿನ ಸಾಲುಗಳಲ್ಲಿ ನೀರು ಹರಿಯಿತು. ಮುಂದಿನ ದಿನ ಯಾರದು ಎಂದು ಎಲ್ಲರೂ ತಂತಮ್ಮ ಮೊಬೈಲ್ ನೋಡಿಕೊಂಡರು. ಯಾರ ಪಾಳಿಯೂ ಸರಿದಿರಲಿಲ್ಲ. ದೀಪಾಲಿ ಬದುವಿನ ಮೇಲೆ ಕೂತುಬಿಟ್ಟಳು.

ಸುತ್ತು ಪೂರ್ತಿಯಾದ ದಿನ ವಿರುಪಾಕ್ಷಪ್ಪ, "ಆ ಕರಿಹಲಗಿ ಸಾಲಿಗೆ ಕೊಟ್ಟ ಬರ್ರಿ, ಹುಡುಗರಿಗರ ಓದಾಕ ಬರಿಯಾಕ ಆಗಲಿ," ಎಂದ. ಅವನಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದವರಲ್ಲ.

ಕೆಲಸ ಮುಗಿದಿತ್ತು. ಇನ್ನು ಬರಲು ಕಾರಣವಿಲ್ಲ. ಈಶ್ವರ ಅವಳ ಚೀಲ ಹಿಡಿದುಕೊಂಡು ಬಸ್ಸಿನ ತನಕ ಬಂದ. ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತರು. ಅವನು ರಸ್ತೆ ನೋಡುತ್ತಿದ್ದ, ಅವಳು ಅವನನ್ನು. ಮತ್ತೆ ಯಾವಾಗ ಬರುತ್ತೀರಿ ಎಂದಾದರೂ ಕೇಳಬಾರದೇ? ಕೇಳಲಿಲ್ಲ. ದೂರದಲ್ಲಿ ಬಸ್ಸಿನ ಧೂಳು ಎದ್ದಿತು.

ಕೇಳದೆ ಇದ್ದರೆ ಉತ್ತರವಿಲ್ಲ ಎಂದು ಹೇಳಿದ್ದು ತಾನೇ. ಆ ನಿಯಮ ತಪ್ಪೆಂದು ಇದೇ ಊರು ಅವಳಿಗೆ ಕಲಿಸಿತ್ತು. ಕಲಿತದ್ದನ್ನು ಒಂದೇ ಕಡೆ ಬಳಸಿ ಬಿಟ್ಟುಬಿಡುವ ಜಾಯಮಾನ ಅವಳದಲ್ಲ.

"ಈಶ್ವರ ಅವ್ರ, ನೀವು ಕೇಳೂ ಪೈಕಿ ಅಲ್ಲ. ಅದಕ್ಕ ನಾನ ಕೊಡಾಕತ್ತೇನಿ," ಎಂದಳು. "ನಂಗ ನೀವ ಬೇಕು. ನಾ ಚಿಕ್ಕೋಡಿ ಆಫೀಸ್ ಬಿಡಂಗಿಲ್ಲ, ನೀವು ತ್ವಾಟ ಬಿಡೂದ ಬ್ಯಾಡ. ನಡುವ ಬಸ್ ಐತಿ."

ಅವನು ತಿರುಗಿದ. ತುಟಿಯ ಎರಡೂ ಮೂಲೆಗಳು ಅವತ್ತು ಮೊದಲ ಸಲ ಒಟ್ಟಿಗೆ ನಕ್ಕವು. "ಆಫೀಸ್ ಬಿಡ್ರಿ ಅಂದಂಗ ಆದೀತು ಅಂತ ನಾ ಬಾಯಿ ಬಿಡಲಿಲ್ಲ. ಒಂದಕ್ಕೊಂದು ಗಂಟ ಹಾಕಬಾರದು ಅಂತ ನೀವ ಹೇಳಿದ್ರಿ."

"ಅದು ಪ್ರೋಗ್ರಾಮಿಗೆ ಹೇಳಿದ್ದು," ಎಂದಳು ದೀಪಾಲಿ. "ಇಲ್ಲಿ ಗಂಟ ಬಿಗಿನ ಇರಲಿ."

ಬಸ್ಸು ಬಂದು ನಿಂತಿತು. ಅವಳು ಹತ್ತಿ ಕೂತಳು. ಚೀಲ ಕೊಟ್ಟು ಇಳಿಯುತ್ತಾನೆ ಎಂದುಕೊಂಡರೆ ಅವನು ಪಕ್ಕದಲ್ಲೇ ಕೂತುಬಿಟ್ಟ, ಮಣ್ಣಿನ ಪ್ಯಾಂಟಿನಲ್ಲೇ.

"ಎರಡ ಚಿಕ್ಕೋಡಿ ಕೊಡ್ರಿ," ಎಂದು ರೊಕ್ಕ ಚಾಚಿದ.

"ಅಕ್ಕಾರದು ಫ್ರೀ ಐತ್ರಿ, ನಿಮ್ಮದೊಂದ ರೊಕ್ಕಾ ಕೊಡ್ರಿ," ಎಂದ ಕಂಡಕ್ಟರ್.

ಬಸ್ಸು ಹೊರಟಿತು. ದೀಪಾಲಿ ಕಿಟಕಿಯ ಕಡೆ ಮುಖ ಮಾಡಿ ನಗು ಅಡಗಿಸಿದಳು. "ಎಲ್ಲಿಗ್ರಿ ಸವಾರಿ?"

"ಚಿಕ್ಕೋಡಿ ಇಳದ ಏಕಸಂಬಿಗೆ," ಎಂದ ಈಶ್ವರ. "ನಿಮ್ಮಪ್ಪಾರು ಇವತ್ತ ಮನ್ಯಾಗ ಇರತಾರೇನು?"

"ಇರತಾರ. ಯಾಕ?"

ಅವನು ಅವಳ ಕೈಯನ್ನು ತನ್ನ ಒರಟು ಕೈಯೊಳಗೆ ತೆಗೆದುಕೊಂಡ. ಇಷ್ಟು ದಿನ "ನೀವು" ಎನ್ನುತ್ತಿದ್ದವನು ಮೊದಲ ಸಲ ಅದನ್ನು ಬಿಟ್ಟ.

"ನಿನ್ನ ಕೇಳಾಕ."