ಮುಖ ತಿರುಗಿಸುವವನು

ವೆಂಟಿಲೇಟರಿನ ಉಸಿರಿಗೆ ಜನೆಲ್‌ಳ ಕಿವಿ ಎಂದೋ ಒಗ್ಗಿಹೋಗಿತ್ತು. ಆದ್ದರಿಂದಲೇ ಅದರಡಿಯಲ್ಲಿ ಕೇಳಿದ ಇನ್ನೊಂದು ಸದ್ದು, ಬಾಟಲಿಯೊಳಗೆ ಸಿಕ್ಕಿಬಿದ್ದ ನೊಣದಂಥ ಸಣ್ಣ ಗುಂಯ್, ಅವಳನ್ನು ಬಾಗಿಲಲ್ಲೇ ನಿಲ್ಲಿಸಿತು.

ನಡುರಾತ್ರಿ ದಾಟಿತ್ತು. ಮಂಚದ ಮೇಲೆ ನಾಲ್ಕು ವರ್ಷದ ಲೆಸ್ಯಾ, ಬಾಯಲ್ಲಿ ಉಸಿರಿನ ಕೊಳವೆ, ಔಷಧದ ಮಂಪರು. ತಲೆಗೆ ಹಾಕಿದ್ದ ಪುಟ್ಟ ಹೆಡ್‌ಫೋನ್ ಜಾರಿ ದಿಂಬಿನ ಮೇಲೆ ಬಿದ್ದಿತ್ತು. ಸದ್ದು ಬರುತ್ತಿದ್ದದ್ದು ಅದರಿಂದ.

ಜನೆಲ್ ಹಿಂದಕ್ಕೆ ಸರಿದಳು. ಆದರೆ ತಡವಾಗಿತ್ತು. ಅದು ಹೆಂಗಸೊಬ್ಬಳ ದನಿ. ಲೆಸ್ಯಾಳ ಅಮ್ಮನ ದನಿ.

ಅಯ್ಯೋ, ಕೇಳಬಾರದಾಗಿತ್ತು.

ವಿನಿಪೆಗ್‌ನ ಆ ಆಸ್ಪತ್ರೆಯಲ್ಲಿ ಡಾಕ್ಟರ್ ಜನೆಲ್ ಥೀಸನ್ ಮಕ್ಕಳ ತೀವ್ರ ನಿಗಾ ಚಿಕಿತ್ಸೆಯ ತರಬೇತಿಯ ಕೊನೆಯ ವರ್ಷದಲ್ಲಿದ್ದಳು. ತರಬೇತಿಯ ಜೊತೆಗೆ ಒಂದು ಸಂಶೋಧನೆ ಮಾಡಬೇಕು. ಅವಳ ಪ್ರಶ್ನೆ ಸರಳವಾಗಿತ್ತು: ಮಂಪರಿನಲ್ಲಿ ಮಲಗಿದ ಮಕ್ಕಳಿಗೆ ರಾತ್ರಿ ಹೊತ್ತು ಅಮ್ಮನದೋ ಅಪ್ಪನದೋ ರೆಕಾರ್ಡ್ ಮಾಡಿಟ್ಟ ದನಿ ಕೇಳಿಸಿದರೆ, ಎಚ್ಚರವಾದಾಗ ದಿಗಿಲು ಕಡಿಮೆ ಇರುತ್ತದೆಯೇ?

ಎಲ್ಲ ಮಕ್ಕಳಿಗೂ ಒಂದೇ ಬಗೆಯ ಹೆಡ್‌ಫೋನ್. ಕೆಲವರದರಲ್ಲಿ ದನಿ, ಉಳಿದವರದರಲ್ಲಿ ಮೌನ. ಯಾರಿಗೆ ಯಾವುದೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಅದು ಗೊತ್ತಿರುವುದು ಸಂಶೋಧನಾ ಸಂಯೋಜಕ ರೆನಾಟೊ ಬಲೂಯೋಟ್ ಒಬ್ಬನಿಗೇ. ಬೆಳಿಗ್ಗೆ ಮಕ್ಕಳ ದಿಗಿಲು ನೋಡಿ ಅಂಕ ಹಾಕುವ ಜನೆಲ್‌ಗೆ ಗೊತ್ತಾಗಲೇಬಾರದು. ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ.

ಆ ರೆನಾಟೊಗೆ ಅವಳನ್ನು ಕಂಡರಾಗದು.

ಚಳಿಗಾಲದುದ್ದಕ್ಕೂ ಅವಳಿದನ್ನು ಗಮನಿಸಿದ್ದಳು. ಗಮನಿಸುವುದು ಅವಳ ಹುಟ್ಟುಗುಣ, ಹುಟ್ಟುರೋಗ ಎಂದರೂ ಸರಿಯೇ. ನರ್ಸುಗಳ ಜೊತೆ ಗಹಗಹಿಸಿ ನಗುವವನು, ಅಮ್ಮ ಮಾಡಿಕೊಟ್ಟ ಪಾನ್ಸಿಟ್ ನೂಡಲ್ಸನ್ನು ಡಬ್ಬಿಗಟ್ಟಲೆ ತಂದು ಹಂಚುವವನು, ಅವಳು ಮಂಚದ ಬಳಿ ಬಂದೊಡನೆ ಗೋಡೆಯ ಕಡೆ ತಿರುಗುತ್ತಿದ್ದ. ಒಮ್ಮೆಯಂತೂ ಕೈತೊಳೆಯುವ ಸೋಪಿನ ಡಬ್ಬಿಯ ಮೇಲಿನ ಬರಹವನ್ನು ಮೊದಲಿಂದ ಕೊನೆಯವರೆಗೆ ಓದಿದ್ದ.

ಆದರೂ ನಿಯಮ ನಿಯಮವೇ. ಅವಳು ಫೋನ್ ಮಾಡಿದಳು. ಅವನು ಮನೆಯಿಂದ ಎದ್ದು ಬಂದ. ಒತ್ತಿಹೋದ ಕೂದಲು, ಮುಖಕ್ಕೆ ಮಾಸ್ಕ್, ಕೈಗೆ ಗವಸು, ರೆಪ್ಪೆಯ ಮೇಲೆ ಕರಗುತ್ತಿದ್ದ ಹಿಮ.

"ಏನಾಯ್ತು ಡಾಕ್ಟ್ರೇ?" ಕೇಳಿದ್ದು ಗೋಡೆಯನ್ನು.

"ಹೆಡ್‌ಫೋನ್ ಜಾರಿದೆ. ಅವರಮ್ಮನ ದನಿ ನಂಗೆ ಕೇಳಿಸ್ಬಿಡ್ತು. ಇನ್ಮೇಲೆ ಲೆಸ್ಯಾಗೆ ನಾನು ಅಂಕ ಹಾಕೋ ಹಾಗಿಲ್ಲ. ಬರ್ಕೊಂಡು ಬೇರೆಯವರನ್ನ ಹಾಕಿ."

"ಹೇಳ್ದೇನೂ ಇರಬಹುದಿತ್ತು ನೀವು. ಯಾರು ನೋಡಿದ್ರು?"

"ಇರಬಹುದಿತ್ತು. ಆಮೇಲೆ ಜನ್ಮದಲ್ಲಿ ನಿದ್ದೆ ಬರ್ತಿರಲಿಲ್ಲ."

ಆಗ ಅವನು ತಿರುಗಿದ.

ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ. ಜೇನಿನ ಕಂದು ಬಣ್ಣ, ಅಂಚಿನಲ್ಲಿ ನಗುವಿನ ಗೆರೆ, ಎಡಹುಬ್ಬಿನ ನಡುವೆ ಹಳೆಯ ಗಾಯದ ಬಿಳಿ ಗೀರು. ಆ ಕಣ್ಣು ಅವಳ ಹಣೆ ನೋಡಿತು, ಕೆನ್ನೆಗೆ ಇಳಿಯಿತು, ಮತ್ತೆ ಕಣ್ಣಿಗೇ ಬಂದು ನಿಂತಿತು. ಅಲುಗಲೇ ಇಲ್ಲ.

"ಏನ್ರೀ ಹೀಗೆ ನೋಡ್ತೀರಿ?"

"ಈ ಕೋಣೆಯಲ್ಲಿ ಈಗ ನೋಡಬಹುದು."

"ಅಂದ್ರೆ?"

"ನನ್ನ ಮುಖದಲ್ಲಿ ಒಂದು ಗುಟ್ಟೂ ನಿಲ್ಲಲ್ಲ ಡಾಕ್ಟ್ರೇ. ಇಸ್ಪೀಟಲ್ಲಿ ನನ್ ತಂಗಿ ಮಕ್ಕಳೂ ನನ್ನ ಸೋಲಿಸ್ತಾರೆ. ನೀವೋ, ಮಗುವಿನ ಹುಬ್ಬು ಅಲ್ಲಾಡಿದ್ರೂ ಓದೋರು. ಮಂಚದ ಹತ್ರ ನಿಮ್ಮನ್ನ ನೋಡಿದ್ರೆ ಯಾರಿಗೆ ದನಿ, ಯಾರಿಗೆ ಮೌನ, ಎಲ್ಲ ಓದ್ಬಿಡ್ತೀರಿ ಅಂತ ಭಯ."

"ಅದಕ್ಕೆ ಸೋಪಿನ ಡಬ್ಬಿ ಓದಿದ್ರಾ?"

"ಈಗ ಬಾಯಿಪಾಠ ಬರುತ್ತೆ. ಒಪ್ಪಿಸ್ಲಾ?"

ಅವಳಿಗೆ ನಗು ಉಕ್ಕಿಬಂತು. "ನನ್ನ ಕಂಡ್ರೆ ನಿಮಗಾಗಲ್ಲ ಅಂದ್ಕೊಂಡಿದ್ದೆ."

"ಅಷ್ಟೆಲ್ಲ ಓದೋರು, ಇದೊಂದನ್ನ ತಪ್ಪು ಓದಿದ್ರಿ."

ಜನೆಲ್‌ಗೆ ಕಿವಿ ಬಿಸಿಯಾಗಿದ್ದಷ್ಟೇ ಗೊತ್ತು.

ಅವನು ಬಾಗಿ ಹೆಡ್‌ಫೋನನ್ನು ಲೆಸ್ಯಾಳ ಕಿವಿಗಳಿಗೆ ಸರಿಮಾಡತೊಡಗಿದ. ಒಂದು ಬದಿ ಇನ್ನೂ ಸಡಿಲವಾಗಿತ್ತು. ಅದರಿಂದ ದನಿ ತೆಳ್ಳಗೆ ಸೋರುತ್ತಿತ್ತು. ಅಮ್ಮ ಮಗಳಿಗೆ ಬ್ರೆಡ್ಡಿನ ಹಿಟ್ಟು ನಾದುವುದನ್ನು ಹೇಳುತ್ತಿದ್ದಳು. "ಪುಟ್ಟಿ, ಮೊದ್ಲು ತಟ್ಟು. ಇನ್ನೊಂದ್ಸಲ ತಟ್ಟು. ಈಗ ತಿರುಗಿಸು ನೋಡೋಣ."

"ರೆನಾಟೊ," ಜನೆಲ್ ಪಿಸುಗುಟ್ಟಿದಳು. "ಕೈ ನೋಡಿ."

ಹೊದಿಕೆಯ ಮೇಲೆ ಲೆಸ್ಯಾಳ ಬಲಗೈ. ಬೆರಳುಗಳು ಒಂದಿಷ್ಟು ಮೇಲೆದ್ದವು. ತಟ್ಟಿದವು. ಮತ್ತೆ ತಟ್ಟಿದವು. ಆಮೇಲೆ ಆ ಪುಟ್ಟ ಮಣಿಕಟ್ಟು ನಿಧಾನವಾಗಿ ತಿರುಗಿತು.

ಏನೋ ಕಾಕತಾಳೀಯ ಎಂದುಕೊಂಡಳು. ವೈದ್ಯೆ ಹಾಗೆಂದುಕೊಳ್ಳಬೇಕು. ಅಷ್ಟರಲ್ಲಿ ದನಿ ಮತ್ತೆ ಅದನ್ನೇ ಹೇಳಿತು. ಬೆರಳುಗಳು ಮತ್ತೆ ತಟ್ಟಿದವು, ಮತ್ತೆ ತಟ್ಟಿದವು, ಮಣಿಕಟ್ಟು ತಿರುಗಿತು.

ಸಂಜೆ ಹೆಸರು ಹಿಡಿದು ಕೂಗಿದರೂ ರೆಪ್ಪೆ ಅಲುಗಿಸದ ಮಗು. ಅಷ್ಟೊಂದು ಔಷಧದ ಕೆಳಗೆ, ಯಾವ ಬೆಳಕೂ ಇಳಿಯದ ಆಳದಲ್ಲಿ, ಒಬ್ಬಳು ಪುಟ್ಟ ಹುಡುಗಿ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ನಿಂತು ಹಿಟ್ಟು ನಾದುತ್ತಿದ್ದಳು. ಪರದೆಯ ಮೇಲೆ ಎದೆಬಡಿತದ ಸಂಖ್ಯೆ ಮೆಲ್ಲಗೆ ಇಳಿಯುತ್ತಿತ್ತು, ಏದುಸಿರು ಬಿಡುತ್ತ ಓಡಿಬಂದವರು ಮನೆ ಸೇರಿದ ಹಾಗೆ.

ಜನೆಲ್‌ಳ ಮೈಯೆಲ್ಲ ಝುಮ್ಮೆಂದಿತು. ವರ್ಷಗಟ್ಟಲೆ ಈ ಮಂಚಗಳ ಪಕ್ಕ ನಿಂತವಳು, ಮನುಷ್ಯನೊಳಗೆ ಇಷ್ಟು ದೂರದಲ್ಲಿ ಯಾರಾದರೂ ಎಚ್ಚರವಿರಬಹುದೆಂದು ನಿಜವಾಗಿ ನಂಬಿದ್ದಳೇ? ಕೇಳಿದ್ದಳು, ಓದಿದ್ದಳು. ನಂಬಿರಲಿಲ್ಲ. ರೆನಾಟೊನ ಕೈ ಯಾವಾಗ ಅವಳ ಕೈ ಹಿಡಿಯಿತೋ ಇಬ್ಬರಿಗೂ ತಿಳಿಯಲಿಲ್ಲ. ರಬ್ಬರ್ ಗವಸಿನೊಳಗಿಂದಲೂ ಬಿಸಿ ತಾಗಿತು. ಇಬ್ಬರೂ ಪ್ರಾರ್ಥನೆಗೆ ನಿಂತವರಂತೆ ನಿಂತೇ ಇದ್ದರು.

ಬೆಳಿಗ್ಗೆ ಸಂದರ್ಶನವಿತ್ತು. ತರಬೇತಿ ಮುಗಿಸುವವರಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆ ಇನ್ನೆರಡು ವರ್ಷ ಸಂಶೋಧನೆಗೆಂದೇ ಒಂದು ಸ್ಥಾನ ಕೊಡುತ್ತದೆ. ಸಿಕ್ಕರೆ ವಿನಿಪೆಗ್. ಸಿಗದಿದ್ದರೆ ಬೇಸಿಗೆಯಲ್ಲಿ ಆರು ಗಂಟೆ ದಾರಿಯ ರೆಜೈನಾ ಊರಿನಲ್ಲಿ ವಾರ್ಡ್ ಕೆಲಸ. ನಿನ್ನೆಯವರೆಗೆ ರೆಜೈನಾ ಇಷ್ಟು ದೂರವಿರಲಿಲ್ಲ.

"ಲೆಕ್ಕ, ವಿಧಾನ, ಎಲ್ಲ ಸರಿ ಇದೆ ಜನೆಲ್," ಎಂದರು ಮುಖ್ಯಸ್ಥೆ ಡಾಕ್ಟರ್ ಓಗಿಲ್ವಿ. "ಆದ್ರೆ ಉಪ್ಪು ಖಾರ ಇಲ್ಲ ಮಾರಾಯ್ತಿ! ನಿನಗಿಂತ ಮುಂಚೆ ಬಂದೋರು ನಮ್ಮನ್ನ ಅಳಿಸಿ ಹೋದ್ರು. ನೀನೂ ಏನಾದ್ರೂ ಕಂಡಿರ್ತೀಯಲ್ಲ? ಒಂದು ಮಗು? ಒಂದು ಗಳಿಗೆ?"

ಆ ಪುಟ್ಟ ಬೆರಳುಗಳು ಕಣ್ಮುಂದೆ ಎದ್ದವು. ನಾಲ್ಕು ವಾಕ್ಯ ಹೇಳಿದರೆ ಸಾಕು, ಸ್ಥಾನ ತನ್ನದೇ. ಆದರೆ ಮೇಜಿನ ಸುತ್ತ ಕೂತವರೆಲ್ಲ ಅದೇ ವಾರ್ಡಿನವರು. ಮಧ್ಯಾಹ್ನದೊಳಗೆ ನರ್ಸುಗಳಿಗೆ ತಿಳಿಯುತ್ತದೆ. ನಾಳೆಯಿಂದ ಪ್ರತಿ ಮಂಚದ ಬಳಿಯೂ ಎಲ್ಲರೂ ಬೆರಳು ಕಾಯುತ್ತಾರೆ, ಬೇಕಾದದ್ದನ್ನೇ ಕಾಣುತ್ತಾರೆ. ಒಂದು ಮಗು ಉತ್ತರವಲ್ಲ.

"ಕೊನೇ ಮಗು ಮುಗಿಯೋ ತನಕ ನಾನೇನು ಕಂಡೆ ಅಂತ ಹೇಳೋ ಹಾಗಿಲ್ಲ ಮೇಡಂ," ಅಂದಳು. ಯಾರೋ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿತು.

ಹೊರಗೆ ಕಾರಿಡಾರಿನಲ್ಲಿ ರೆನಾಟೊ ಕಾಯುತ್ತಿದ್ದ. ಮಾಸ್ಕ್ ಇರಲಿಲ್ಲ. ಕೆನ್ನೆಯಲ್ಲೊಂದು ಗುಳಿಯಿದೆ ಎಂದು ಅವಳಿಗೆ ಈಗಷ್ಟೇ ತಿಳಿಯಿತು.

"ಹೇಳಿದ್ರಾ?"

"ಇಲ್ಲ."

"ನಾನೂ ಒಂದು ಕೆಲಸ ಮಾಡ್ದೆ. ಇವತ್ತಿಂದ ಬರೋ ಮಕ್ಕಳ ಗುಟ್ಟು ಫಾರ್ಮಸಿಯವರ ಹತ್ರ. ಬೆಳಿಗ್ಗೇನೇ ಓಗಿಲ್ವಿ ಮೇಡಂಗೆ ಹೇಳ್ಬಿಟ್ಟೆ, ಜನೆಲ್ ಅಂದ್ರೆ ನಂಗಿಷ್ಟ, ಅವಳ ಮುಖ ನೋಡ್ದೇ ಇನ್ನು ಇರಕ್ಕಾಗಲ್ಲ ಅಂತ."

"ಅಯ್ಯಯ್ಯೋ! ಏನಂದ್ರು?"

"'ಇಡೀ ವಾರ್ಡಿಗೆ ಗೊತ್ತು ಕಣಯ್ಯಾ, ಗೊತ್ತಿಲ್ದಿರೋದು ಆ ಹುಡುಗಿ ಒಬ್ಳಿಗೇ' ಅಂದ್ರು."

ಜನೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳಿನ ಸಂದಿಯಿಂದ ಅವನನ್ನೇ ನೋಡಿದಳು.

"ಸ್ಥಾನ ಸಿಗದೇ ಹೋದ್ರೆ?"

"ರೆಜೈನಾ ದಾರಿ ನೆಟ್ಟಗಿದೆ. ಸ್ಟಿಯರಿಂಗ್ ಕಟ್ಟಿಟ್ಟು ನಿದ್ದೆ ಮಾಡಿದ್ರೂ ಬಂದು ಸೇರ್ತೀನಿ."

"ನಿದ್ದೆ ಮಾಡ್ಬೇಡ," ಎಂದಳು. 'ನೀವು' ಎಲ್ಲಿ ಬಿದ್ದುಹೋಯಿತೋ ಇಬ್ಬರೂ ಹುಡುಕಲಿಲ್ಲ.

ಅಷ್ಟರಲ್ಲಿ ಪಾಲಕರ ಕೋಣೆಯಿಂದ ಲೆಸ್ಯಾಳ ಅಮ್ಮ ಎದ್ದು ಬಂದಳು, ಕೈಯಲ್ಲಿ ತಣ್ಣಗಾದ ಕಾಫಿ. "ಡಾಕ್ಟ್ರೇ, ರಾತ್ರಿ ನನ್ ಮಗಳು... ಏನಾದ್ರೂ?"

ಆ ತಾಯಿಯ ಹಿಂದೆ, ಅದೇ ಕೋಣೆಯ ಬೆಂಚಿನಲ್ಲಿ, ಇನ್ನೊಂದು ಮಗುವಿನ ಅಪ್ಪ ತಲೆಯೆತ್ತಿ ಕೇಳಿಸಿಕೊಳ್ಳುತ್ತಿದ್ದ. ಅವನ ಮಗನ ಕಿವಿಯಲ್ಲಿ ದನಿಯೋ ಮೌನವೋ ಜನೆಲ್‌ಗೆ ಗೊತ್ತಿರಲಿಲ್ಲ. ಮೌನವಾಗಿದ್ದರೆ?

"ಉಸಿರು ಚೆನ್ನಾಗಿದೆ. ಆಕ್ಸಿಜನ್ ಇಳಿಸಿದೀವಿ," ಎಂದಳು. "ಹೋಗಿ, ಅವಳ ಹತ್ರ ಕೂತು ಮಾತಾಡಿ. ತುಂಬಾ ಮಾತಾಡಿ."

ತಾಯಿ ಸರಸರನೆ ನಡೆದಳು. ಅವಳ ಬೆನ್ನು ಬಾಗಿಲಲ್ಲಿ ಮರೆಯಾಗುವವರೆಗೆ ಇಬ್ಬರೂ ನೋಡಿದರು. ರೆನಾಟೊ ಮೆಲ್ಲಗೆ ಕೇಳಿದ, "ಅವರಿಗೂ ಇಲ್ವಾ?"

ಜನೆಲ್ ಇಲ್ಲವೆಂದು ತಲೆಯಾಡಿಸಿದಳು. ಕೊನೆಯ ಮಗುವಿನ ಲೆಕ್ಕ ಮುಗಿಯುವ ದಿನದವರೆಗೆ, ತಾನು ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ.